ಹೊಡೆದು ಹಾಕಿದ ಆ ನಾಲ್ಕು ಸಾಲು

ಪ್ರಶ್ನೆ: ನನಗೆ 42 ವರ್ಷ. ಊರು ತಿಪಟೂರಿನ ಹತ್ತಿರದ ಹಳ್ಳಿ. ಈಗ ಇರುವುದು ಬೆಂಗಳೂರಿನ ವಿಜಯನಗರದಲ್ಲಿ. ವೈಟ್‌ಫೀಲ್ಡ್ ಕಡೆ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಯೂಸರ್ ಮ್ಯಾನ್ಯುಯಲ್ ಬರೆಯುವ ಕೆಲಸ. ದಿನವಿಡೀ ಇಂಗ್ಲಿಷ್. ಕಾಲೇಜಿನಿಂದಲೂ ಕಥೆ ಬರೆಯುತ್ತಿದ್ದೆ. 26ನೇ ವಯಸ್ಸಿನಲ್ಲಿ ಒಂದು ಕಥೆಗೆ ದೀಪಾವಳಿ ವಿಶೇಷಾಂಕದ ಬಹುಮಾನ ಬಂತು. ಅದರಲ್ಲಿ ನಮ್ಮ ದೊಡ್ಡಮ್ಮನ ನೆರಳಿತ್ತು. ಆಮೇಲೆ ನೆಂಟರ ಮದುವೆಯೊಂದರಲ್ಲಿ ಒಬ್ಬರು ಎಲ್ಲರೆದುರು "ಮನೆ ಮಾತನ್ನ ಬೀದಿಗೆ ತಂದಳು" ಅಂದರು. ಅಮ್ಮ ಮನೆಗೆ ಬಂದವರೇ "ಇನ್ನು ಬರೀಬೇಡ ಕಣೇ" ಅಂದರು. ಮುಂದೆ ನನ್ನ ಮದುವೆ, ಮಗಳು, ಕೆಲಸ. ಈಗ ಮಗಳು ಹೈಸ್ಕೂಲು. ಎರಡು ವರ್ಷದಿಂದ ಪ್ರತಿ ಭಾನುವಾರ ಲ್ಯಾಪ್‌ಟಾಪ್ ಮುಂದೆ ಕೂರುತ್ತೇನೆ. ಒಂದು ಪ್ಯಾರಾ ಬರೆಯುತ್ತೇನೆ, ಅಳಿಸುತ್ತೇನೆ, ಎದ್ದು ಹೋಗಿ ಬಟ್ಟೆ ಮಡಚುತ್ತೇನೆ. ಕೆಲಸ ಬಿಟ್ಟರೆ ಬರೆಯಲು ಆಗುತ್ತದಾ? ಅಥವಾ ನನ್ನೊಳಗಿದ್ದದ್ದು ಮುಗಿದೇ ಹೋಯಿತಾ?
– ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಕಾಗದ ಕೈಬರಹದಲ್ಲಿ ಬಂತು. ಆರು ಪುಟ. ಮೇಲಿರುವುದು ಅದರ ಸಾರ ಮಾತ್ರ. ಎರಡನೇ ಸಲ ಓದುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಆರು ಪುಟದಲ್ಲಿ ನೀವು ಒಂದೇ ಒಂದು ಕಡೆ ಹೊಡೆದು ಹಾಕಿದ್ದೀರಿ. ಮೂರನೇ ಪುಟದ ಕೊನೆಯಲ್ಲಿ, ನಾಲ್ಕು ಸಾಲು.

ಅದಕ್ಕೆ ಮುಂಚೆ ಕೊಬ್ಬರಿ ಅಟ್ಟದ ವಿಷಯ ಬರೆದಿದ್ದೀರಿ. ಕಾಯಿಗಳನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಹಾಗೇ ಬಿಡುವುದು. ಒಳಗಿನ ನೀರು ಇಂಗುವುದು. ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನುವುದು. ರಾತ್ರಿ ಇಲಿ ಓಡಿ ಒಂದೆರಡು ಕಾಯಿ ಉರುಳಿದರೆ ಕೆಳಗೆ ಮಲಗಿದ್ದ ನೀವು ಮಕ್ಕಳೆಲ್ಲ ಹೊದಿಕೆಯನ್ನು ತಲೆ ಮೇಲೆ ಎಳೆದುಕೊಳ್ಳುವುದು. ಅದಾದ ಮೇಲೆ "ದೊಡ್ಡಮ್ಮ ಆವತ್ತು ಸಂಜೆ ಅಟ್ಟ ಹತ್ತಿದವರು" ಅಂತ ಶುರು ಮಾಡಿದ್ದೀರಿ. ಮುಂದಿನ ಸಾಲುಗಳ ಮೇಲೆ ಗೆರೆ, ಗೆರೆಯ ಮೇಲೆ ಗೆರೆ. ಕೆಳಗೆ "ಅದು ಬೇಡ ಬಿಡಿ" ಅಂತ ಇದೆ.

ಮುಗಿದು ಹೋದವರು ಇಲಿಯ ಸದ್ದನ್ನು ಹಾಗೆ ಬರೆಯಲಾರರು. ಹಾಗಾಗಿ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಸುಲಭ: ಇಲ್ಲ, ಮುಗಿದಿಲ್ಲ. ಹದಿನಾರು ವರ್ಷದ ಹಿಂದೆ ಒಂದು ವಿಷಯಕ್ಕೆ ನೀವು ಬಾಗಿಲು ಹಾಕಿದಿರಿ. ಆದರೆ ಆ ಬಾಗಿಲ ಹಿಂದೆ ದೊಡ್ಡಮ್ಮನ ಜೊತೆಗೆ ಅಟ್ಟವೂ ಹೋಯಿತು, ಊರೂ ಹೋಯಿತು, ನಿಮ್ಮ ಮನೆಯ ಮಾತಿನ ಧಾಟಿಯೂ ಹೋಯಿತು. ಈಗ ಭಾನುವಾರ ನೀವು ಬರೆಯಲು ಕೂರುವ ಕಥೆಗಳು ಯಾವುವು ಅಂತ ನೀವೇ ಹೇಳಿದ್ದೀರಿ. ಅಪಾರ್ಟ್‌ಮೆಂಟಿನ ವಾಚ್‌ಮನ್ ಒಬ್ಬನ ಕಥೆ, ಮೆಟ್ರೋದಲ್ಲಿ ಭೇಟಿಯಾಗುವ ಇಬ್ಬರ ಕಥೆ. ಯಾರಿಗೂ ನೋವಾಗದ, ಯಾರೂ ಗುರುತು ಹಿಡಿಯಲಾರದ ಕಥೆಗಳು. ಅವು ನಿಮಗೇ ಬೇಕಾಗಿಲ್ಲ. ಅದಕ್ಕೇ ಅಳಿಸುತ್ತೀರಿ.

ಬರೆಯಬೇಕೆಂದು ಕೂತರೂ ಬರೆಯಲಾಗದ ಈ ಸ್ಥಿತಿಗೆ ರೈಟರ್ಸ್ ಬ್ಲಾಕ್ ಅನ್ನುವ ಹೆಸರನ್ನು 1947ರಲ್ಲಿ ಬಳಕೆಗೆ ತಂದವರು ಎಡ್ಮಂಡ್ ಬರ್ಗ್ಲರ್ ಎಂಬ ಮನೋವಿಶ್ಲೇಷಕರು. ಹೆಸರು ಬಂದದ್ದರಿಂದ ಒಂದು ತೊಂದರೆಯೂ ಆಯಿತು. ಅದೊಂದು ಕಾಯಿಲೆ, ಎಲ್ಲರಿಗೂ ಒಂದೇ ಥರ ಬರುತ್ತದೆ ಅಂತ ನಾವು ಅಂದುಕೊಳ್ಳತೊಡಗಿದೆವು. ಒಬ್ಬರಿಗೆ ದಣಿವು, ಇನ್ನೊಬ್ಬರಿಗೆ ಹಿಂದಿನ ಪುಸ್ತಕದ ಹೊಗಳಿಕೆಯ ಭಾರ, ಮತ್ತೊಬ್ಬರಿಗೆ ಸುಮ್ನೆ ಹೇಳಲು ಸದ್ಯಕ್ಕೆ ಏನೂ ಇಲ್ಲದಿರುವುದು. ಹೊರಗಿನಿಂದ ನೋಡಿದರೆ ಎಲ್ಲವೂ ಖಾಲಿ ಹಾಳೆಯೇ. ನಿಮ್ಮದು ಹೆದರಿಕೆ. ಅದಕ್ಕೆ ಕಾರಣವೂ ಇತ್ತು, ನೀವು ಸುಮ್ಮಸುಮ್ಮನೆ ಹೆದರಿದವರಲ್ಲ.

ಅಮ್ಮನ ಮಾತಿನ ಬಗ್ಗೆ ಒಂದು ಕೇಳಲಾ? ಆಗ ನಿಮಗೆ 26. ಕಾಗದದ ಇನ್ನೊಂದು ಪುಟದಲ್ಲಿ "ಆಗ ಗಂಡು ನೋಡುತ್ತಿದ್ದರು" ಅಂತ ಬರೆದಿದ್ದೀರಿ. ಮದುವೆ ಮನೆಯಲ್ಲಿ ನೂರು ಜನರ ಎದುರು ಮಗಳ ಮೇಲೆ ಮಾತು ಬಂದರೆ, ಆ ವರ್ಷ ಯಾವ ತಾಯಿ ತಾನೇ ಬೇರೆ ಏನು ಹೇಳಿಯಾಳು? ಅವರ ಆ ಮಾತು ಆ ಸಂಜೆಗೆ, ಆ ವರ್ಷಕ್ಕೆ ಹೇಳಿದ್ದಿರಬಹುದು. ನೀವು ಅದನ್ನು ಜೀವಮಾನಕ್ಕೆ ತೆಗೆದುಕೊಂಡಿರಿ. ಅಮ್ಮ ಈಗಲೂ ಊರಲ್ಲಿದ್ದಾರೆ, ಗಟ್ಟಿಯಾಗಿದ್ದಾರೆ ಅಂದಿದ್ದೀರಿ. ತಿಪಟೂರಿಗೆ ನೇರ ರೈಲಿದೆ. ಒಂದು ಶನಿವಾರ ಹೋಗಿ. "ಬರೀಲಾ?" ಅಂತ ಅಪ್ಪಣೆ ಕೇಳಬೇಡಿ, 42ರಲ್ಲಿ ಅದು ಬೇಕಿಲ್ಲ. ಬದಲಿಗೆ ದೊಡ್ಡಮ್ಮ ಅಟ್ಟ ಹತ್ತಿದ ಆ ಸಂಜೆ ಮನೆಯಲ್ಲಿ ಏನಾಗಿತ್ತು ಅಂತ ಕೇಳಿ. ನೀವು ಆಗ ಚಿಕ್ಕವರು, ಕೆಳಗಿನಿಂದ ನೋಡಿದ್ದು ಅಷ್ಟೇ. ಅಮ್ಮನಿಗೆ ಬೇರೇನೋ ಗೊತ್ತಿರುತ್ತದೆ.

ಆದರೆ ಅದಕ್ಕೂ ಮುಂಚೆ ಆ ನಾಲ್ಕು ಸಾಲನ್ನು ಬರೆದು ಮುಗಿಸಿ. ಕಥೆಯಾಗಿ ಬೇಡ. ನಡೆದದ್ದು ನಡೆದ ಹಾಗೆ, ಹೆಸರು ಹಿಡಿದು, ಯಾರಿಗೂ ತೋರಿಸದ ಒಂದು ನೋಟ್‌ಬುಕ್‌ನಲ್ಲಿ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳು ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ತಮಗೆ ನೋವಾದ ಸಂಗತಿಯನ್ನು ಬರೆದರು. ಏನಾಯಿತು ಅನ್ನುವುದರ ಜೊತೆಗೆ ಏನನ್ನಿಸಿತು ಅಂತಲೂ ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿ ಹೋದದ್ದು ಕಡಿಮೆ. ಬರೆದ ತಕ್ಷಣ ಮಾತ್ರ ಅವರ ಮನಸ್ಸು ಇನ್ನಷ್ಟು ಕುಗ್ಗಿತ್ತು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಮೊದಲ ದಿನ ಬರೆದು ಎದ್ದಾಗ ನಿಮಗೆ ಹಗುರ ಅನ್ನಿಸದಿರಬಹುದು. ಅಳು ಬರಬಹುದು. ಅದನ್ನು ಸೋಲು ಅಂದುಕೊಂಡು ನಿಲ್ಲಿಸಬೇಡಿ. ನಾಲ್ಕು ದಿನ ಮಾಡಿ.

ಲ್ಯಾಪ್‌ಟಾಪ್ ಬೇಡ ಅನ್ನುವುದನ್ನು ಒತ್ತಿ ಹೇಳುತ್ತೇನೆ. ನಿಮ್ಮ ಕೆಲಸದಲ್ಲಿ ಪ್ರತಿ ವಾಕ್ಯಕ್ಕೂ ಒಂದೇ ಅರ್ಥ ಇರಬೇಕು. ಎರಡನೇ ಅರ್ಥ ಬಂದರೆ ಅದು ತಪ್ಪು, ಅಳಿಸಬೇಕು. ಹದಿನೈದು ವರ್ಷ ನಿಮ್ಮ ಕೈ ಅದನ್ನೇ ಕಲಿತಿದೆ, ಮತ್ತು ಚೆನ್ನಾಗಿ ಕಲಿತಿದೆ. ಕೀಬೋರ್ಡ್ ಮೇಲೆ ಬೆರಳಿಟ್ಟ ಕೂಡಲೇ ಅದು ತನ್ನ ಕೆಲಸ ಶುರು ಮಾಡುತ್ತದೆ. ಕಥೆಯ ಮೊದಲ ಕರಡು ಹಾಗೆ ಬರುವುದಿಲ್ಲ. ಅಲ್ಲಿ ವಾಕ್ಯ ತಡವರಿಸಬೇಕು, ದಾರಿ ತಪ್ಪಬೇಕು, ಒಂದೇ ಮಾತು ಮೂರು ಸಲ ಬರಬೇಕು. ಪೆನ್ನಿನಲ್ಲಿ ಬರೆದದ್ದು ಅಳಿಸಿ ಹೋಗುವುದಿಲ್ಲ, ಹೊಡೆದು ಹಾಕಿದರೂ ಅಡಿಯಲ್ಲಿ ಉಳಿದಿರುತ್ತದೆ. ನಿಮ್ಮ ನಾಲ್ಕು ಸಾಲು ನನಗೆ ಕಂಡದ್ದೂ ಹಾಗೇ ಅಲ್ವಾ?

ಮತ್ತೆ, ಬರೆಯುವಾಗ ಮನೆಯ ಮಾತಿನಲ್ಲೇ ಬರೆಯಿರಿ. ಕನ್ನಡ ಪದ ತಕ್ಷಣ ಸಿಗುವುದಿಲ್ಲ ಅಂದಿದ್ದೀರಿ. ಸಿಗದೆ ಇರುವುದು ಪುಸ್ತಕದ ಪದ. "ಮನೆ ಮಾತನ್ನ ಬೀದಿಗೆ ತಂದಳು" ಅನ್ನುವುದು ನಿಮಗೆ ಹದಿನಾರು ವರ್ಷವಾದರೂ ಉಸಿರಿನ ಸಮೇತ ನೆನಪಿದೆ. ದೊಡ್ಡಮ್ಮ ಮಾತಾಡುತ್ತಿದ್ದ ಹಾಗೆ ಬರೆದು, ಬಾಗಿಲು ಹಾಕಿಕೊಂಡು ಗಟ್ಟಿಯಾಗಿ ಓದಿ. ಎಲ್ಲಿ ಸುಳ್ಳು ಸೇರಿದೆ ಅಂತ ಕಿವಿ ಹೇಳುತ್ತದೆ.

ನನಗೂ ಮೂರು ವರ್ಷ ಹೀಗಾಗಿತ್ತು. ಅಪ್ಪ ಹೋದ ಮೇಲೆ. ಬರೆಯಲು ಕೂತರೆ ಎಲ್ಲವೂ ಶ್ರದ್ಧಾಂಜಲಿಯಂತೆ ಕೇಳಿಸುತ್ತಿತ್ತು. ಆಮೇಲೆ ಅಮ್ಮನಿಗೆ ಆಪರೇಷನ್ ಆಗಿ ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದೆವು. ಜ್ವರ ಎಷ್ಟು, ಯಾವ ಮಾತ್ರೆ, ಎಷ್ಟು ನೀರು ಕುಡಿದರು ಅಂತ ಒಂದು ಪುಟ್ಟ ಡೈರಿಯಲ್ಲಿ ಬರೆದಿಡುತ್ತಿದ್ದೆ. ಒಂದು ರಾತ್ರಿ ಎರಡು ಗಂಟೆಗೆ ಪಕ್ಕದ ಹಾಸಿಗೆಯ ಅಜ್ಜಿ ಎದ್ದು ಕೂತು "ಎಮ್ಮೆ ಕರೆದಾಯ್ತಾ?" ಅಂತ ಕೇಳಿದರು. ಜ್ವರದ ಲೆಕ್ಕದ ಪಕ್ಕ ಅದನ್ನೂ ಬರೆದೆ. ಮಾರನೇ ದಿನ ಅವರ ಮಗ ಕೊಟ್ಟ ಉತ್ತರವನ್ನೂ ಬರೆದೆ. ಮನೆಗೆ ಬರುವ ಹೊತ್ತಿಗೆ ಡೈರಿಯಲ್ಲಿ ಮಾತ್ರೆಗಿಂತ ಮಾತೇ ಜಾಸ್ತಿ ಇತ್ತು. ಕಥೆ ಬರೆಯುತ್ತಿದ್ದೇನೆ ಅಂತ ಆಗ ನನಗೆ ಗೊತ್ತೇ ಇರಲಿಲ್ಲ.

ಹಾಗಾಗಿ ಮೆಟ್ರೋದಲ್ಲಿ ಕಥೆ ಬರೆಯಲು ಹೋಗಬೇಡಿ. ಮೆಜೆಸ್ಟಿಕ್ ದಾಟುವಾಗಿನ ಆ ನೂಕುನುಗ್ಗಲಿನಲ್ಲಿ ಅದು ಆಗದ ಮಾತು. ಕಿವಿಗೆ ಬಿದ್ದ ಒಂದು ಮಾತನ್ನು ಮಾತ್ರ ಫೋನಿನಲ್ಲಿ ಗುರುತು ಹಾಕಿಕೊಳ್ಳಿ. ದಿನಕ್ಕೆ ಒಂದು ಸಾಕು. ಭಾನುವಾರ ಮನೆಯಲ್ಲಿ ಕೂತರೆ ಬಟ್ಟೆ ಕಾಣುತ್ತದೆ, ಕುಕ್ಕರ್ ಕೂಗುತ್ತದೆ. ನಿಮ್ಮ ಲೈನಿನಲ್ಲೇ ಕಬ್ಬನ್ ಪಾರ್ಕ್ ನಿಲ್ದಾಣ ಇದೆ, ರೈಲು ಬದಲಿಸಬೇಕಿಲ್ಲ. ಬೆಳಿಗ್ಗೆ ಹೋಗಿ ಒಂದು ಮರದ ಕೆಳಗೆ ಕೂರಿ. ಮಗಳಿಗೂ ಮನೆಯವರಿಗೂ ಹೇಳಿಯೇ ಹೋಗಿ, ಕದ್ದು ಹೋಗುವುದು ಬೇಡ. ಮತ್ತೆ, ಬರೆಯುವುದನ್ನು ಭಾನುವಾರಕ್ಕೆ ಮಾತ್ರ ಮೀಸಲಿಡಬೇಡಿ. ವಾರಕ್ಕೊಂದೇ ದಿನ ಅಂದರೆ ಆ ದಿನದ ಮೇಲೆ ಭಾರ ಜಾಸ್ತಿ. ನಿತ್ಯ ಹದಿನೈದು ನಿಮಿಷ ಆದರೆ ಒಂದು ದಿನ ಕೆಟ್ಟರೂ ನಾಳೆ ಇದೆ.

ಮನಸ್ಸು ಬಂದಾಗ ಬರೆಯುತ್ತೇನೆ ಅನ್ನುವವರಿಗೆ ನಾನು ಹೇಳುವ ಒಂದು ಪ್ರಯೋಗವಿದೆ. 1983ರಲ್ಲಿ ರಾಬರ್ಟ್ ಬಾಯ್ಸ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು ಕಾಲೇಜು ಅಧ್ಯಾಪಕರನ್ನು ಮೂರು ಗುಂಪು ಮಾಡಿದರು. ಒಂದು ಗುಂಪು ತುರ್ತು ಇಲ್ಲದಿದ್ದರೆ ಬರೆಯಬಾರದು. ಇನ್ನೊಂದು ಮನಸ್ಸಾದಾಗ ಬರೆಯಬಹುದು. ಮೂರನೆಯದು ಮನಸ್ಸಿರಲಿ ಬಿಡಲಿ ಬರೆಯಲೇಬೇಕು. ಪುಟಗಳು ಜಾಸ್ತಿ ಬಂದದ್ದು ಮೂರನೇ ಗುಂಪಿನಲ್ಲಿ, ಅದೇನೂ ಆಶ್ಚರ್ಯವಲ್ಲ. ಹೊಸ ಯೋಚನೆಗಳೂ ಅವರಿಗೇ ಜಾಸ್ತಿ ಬಂದವು. ಇನ್ನೊಂದು, ಅಮೆರಿಕದ ಕಾದಂಬರಿಕಾರ ಹೆಮಿಂಗ್ವೇ ಹೇಳಿದ್ದು: ಮುಂದೇನು ಅಂತ ಗೊತ್ತಿರುವಾಗಲೇ ಆ ದಿನದ ಬರವಣಿಗೆ ನಿಲ್ಲಿಸುವುದು. ಪೂರ್ತಿ ಬಸಿದು ಎದ್ದರೆ ಮರುದಿನ ಮತ್ತೆ ಖಾಲಿ ಹಾಳೆ. ಅರ್ಧ ವಾಕ್ಯದಲ್ಲಿ ಎದ್ದು ಬನ್ನಿ, ನಾಳೆ ಅದೇ ನಿಮ್ಮನ್ನು ಕರೆಯುತ್ತದೆ.

ಕೆಲಸ ಬಿಡಬೇಡಿ. ಮಾಸ್ತಿಯವರು ಮೈಸೂರು ಸಂಸ್ಥಾನದ ಸರ್ಕಾರಿ ಕೆಲಸ ಮಾಡುತ್ತಲೇ ಕಥೆ ಬರೆದರು. ನಿಸಾರ್ ಅಹಮದ್ ಭೂವಿಜ್ಞಾನ ಪಾಠ ಮಾಡುತ್ತಲೇ ಕವಿತೆ ಬರೆದರು. ಸಂಬಳ ನಿಂತು, ಆ ಖಾಲಿ ದಿನಗಳಲ್ಲೂ ಬರೆಯಲಾಗದಿದ್ದರೆ ಹೆದರಿಕೆ ಎರಡಾಗುತ್ತದೆ. ವಯಸ್ಸಿನ ಚಿಂತೆಯೂ ಬೇಡ. ಎಂ.ಕೆ. ಇಂದಿರಾ ಹುಟ್ಟಿದ್ದು 1917ರಲ್ಲಿ, ಅವರ ಮೊದಲ ಕಾದಂಬರಿ ಬಂದದ್ದು 1963ರಲ್ಲಿ.

ಇನ್ನು ಕಷ್ಟದ ಪ್ರಶ್ನೆ. ನೋಟ್‌ಬುಕ್‌ನಲ್ಲಿ ಬರೆದದ್ದು ಕಥೆಯಾಗಿ ಹೊರಗೆ ಬಂದರೆ? ಮತ್ತೆ ಮದುವೆ ಮನೆ, ಮತ್ತೆ ಅದೇ ಮಾತು? ವೈದೇಹಿಯವರ ನಿಜ ಹೆಸರು ಜಾನಕಿ. ಶುರುವಿನ ದಿನಗಳಲ್ಲಿ ಅವರು 'ಸುಧಾ' ವಾರಪತ್ರಿಕೆಗೆ ಒಂದು ಕಥೆ ಕಳಿಸಿದರು. ಆಮೇಲೆ, ಅದರಲ್ಲಿ ನಿಜವಾಗಿ ನಡೆದದ್ದಿದೆ, ಅಚ್ಚು ಹಾಕಬೇಡಿ ಅಂತ ಕೇಳಿಕೊಂಡರು. ಸಂಪಾದಕರು ಕಥೆ ಬಿಡಲಿಲ್ಲ, ಲೇಖಕಿಯ ಹೆಸರನ್ನು ವೈದೇಹಿ ಅಂತ ಬದಲಿಸಿ ಹಾಕಿದರು. ಕನ್ನಡದ ಅಷ್ಟು ದೊಡ್ಡ ಕಥೆಗಾರ್ತಿಯ ಹೆಸರು ಹುಟ್ಟಿದ್ದೇ ನಿಮ್ಮ ಈ ಹೆದರಿಕೆಯಿಂದ. ನೀವೂ ಹೆಸರು ಬದಲಿಸಿಕೊಳ್ಳಬಹುದು. ಊರು ಬದಲಿಸಬಹುದು, ತೆಂಗಿನ ಜಾಗಕ್ಕೆ ಅಡಿಕೆ ತರಬಹುದು.

ಆದರೆ ಅಡಿಕೆ ಬಂದರೆ ಆ ಗಡಗಡ ಸದ್ದು ಹೋಗುತ್ತದೆ. ಅದನ್ನು ಬಿಟ್ಟುಕೊಡಲು ನನಗಂತೂ ಮನಸ್ಸಿಲ್ಲ. ನನ್ನ ಕಟ್ಟಳೆ ಒಂದೇ: ಬದುಕಿರುವವರ ಗುಟ್ಟು ಅವರದ್ದು, ನೀವು ನೋಡಿದ್ದು ನಿಮ್ಮದು. ದೊಡ್ಡಮ್ಮ ತೀರಿಕೊಂಡು ಒಂಬತ್ತು ವರ್ಷ ಆಯಿತು. ಅವರ ಬಗ್ಗೆ ನೀವು ಪ್ರೀತಿಯಿಂದಲೇ ಬರೆದಿದ್ದೀರಿ. ಮದುವೆಯಲ್ಲಿ ಕೂಗಾಡಿದವರು ಆ ಕಥೆಯನ್ನು ಓದಿದ್ದರೋ ಇಲ್ಲವೋ, ನನಗೆ ಅನುಮಾನ. ಏನೇ ಇರಲಿ, ಕೊಡುವುದೋ ಬಿಡುವುದೋ ಅನ್ನುವುದು ಬರೆದು ಮುಗಿಸಿದ ಮೇಲಿನ ಮಾತು. ಇವತ್ತೇ ತೀರ್ಮಾನಿಸಿದರೆ ಮತ್ತೆ ಗೆರೆ ಎಳೆಯುತ್ತೀರಿ.

ಒಂದು ಮಾತು ಮರೆಯುವ ಮುಂಚೆ. ಬರೆಯಲಾಗದಿರುವುದರ ಜೊತೆಗೆ ನಿದ್ದೆಯೂ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಯಾವುದರಲ್ಲೂ ರುಚಿ ಇಲ್ಲ ಅನ್ನುವ ಹಾಗಿದ್ದರೆ, ಅದು ಬರವಣಿಗೆಯ ವಿಷಯವಲ್ಲ. ತಡ ಮಾಡದೆ ವೈದ್ಯರನ್ನು ನೋಡಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಕಾಗದದಲ್ಲಿ ಅಂಥದ್ದು ನನಗೆ ಕಾಣಲಿಲ್ಲ, ಆದರೂ ಕೇಳದೆ ಬಿಡಲಾರೆ.

ನಿಮ್ಮ ಗೆರೆಗಳ ಅಡಿಯಲ್ಲಿ ಏನಿದೆ ಅಂತ ಬೆಳಕಿಗೆ ಹಿಡಿದು ನೋಡಿದೆ, ಕ್ಷಮಿಸಿ. ಎರಡು ಸಾಲು ಓದಲು ಸಿಕ್ಕವು. ದೊಡ್ಡಮ್ಮ ಅಟ್ಟ ಹತ್ತಿ ಏಣಿಯನ್ನು ಮೇಲಕ್ಕೆ ಎಳೆದುಕೊಂಡರು. ಕೆಳಗೆ ಎಲ್ಲರೂ ಕರೆದರು. ಕತ್ತಲಾಯಿತು. ಊಟಕ್ಕೂ ಇಳಿಯಲಿಲ್ಲ, ಮೇಲೆ ಕಾಯಿ ಉರುಳುವ ಸದ್ದು ಮಾತ್ರ. ಮುಂದಿನ ಎರಡು ಸಾಲಿನ ಮೇಲೆ ನೀವು ಪೆನ್ನು ಬಲವಾಗಿ ಒತ್ತಿದ್ದೀರಿ, ಕಾಗದವೇ ಹರಿದಿದೆ. ಬೆಳಿಗ್ಗೆ ಏಣಿ ಕೆಳಗೆ ಬಂತಾ?