ಬುಡಾಪೆಸ್ಟಿನಲ್ಲಿ ಜಗಳವಾಡಿದ ಅಕ್ಕ ಮತ್ತು ತಮ್ಮ: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣದಲ್ಲಿ ಬರುವ ಇಬ್ಬರ ಹೆಸರು, ವಯಸ್ಸು, ಊರು ಮತ್ತು ಉದ್ಯೋಗದ ವಿವರಗಳನ್ನು ಗುರುತು ಸಿಗದಂತೆ ಬದಲಿಸಲಾಗಿದೆ. ಬರೆಯಲು ಇಬ್ಬರೂ ಲಿಖಿತ ಒಪ್ಪಿಗೆ ಕೊಟ್ಟಿದ್ದಾರೆ. ಬರೆದದ್ದನ್ನು ಓದಿಯೂ ಇದ್ದಾರೆ.

ಸುಮನಾ ಅವರಿಗೆ ಮೂವತ್ತರ ಆಸುಪಾಸು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ತಮ್ಮ ನಿಖಿಲ್ ಅವರಿಗಿಂತ ಆರು ವರ್ಷ ಚಿಕ್ಕವರು, ಜರ್ಮನಿಯಲ್ಲಿ ಎಂ.ಎಸ್. ಓದುತ್ತಿದ್ದಾರೆ. ಸುಮನಾ ನನ್ನ ಬಳಿ ಬಂದದ್ದು ನಿದ್ದೆಯ ದೂರಿನೊಂದಿಗೆ. ಬೆಳಗಿನ ಜಾವ ಎಚ್ಚರವಾಗುತ್ತದೆ, ಎಚ್ಚರವಾದೊಡನೆ ಕೈ ಫೋನಿಗೆ ಹೋಗುತ್ತದೆ, ತಮ್ಮ ಕೊನೆಯ ಬಾರಿ ಆನ್‌ಲೈನ್ ಇದ್ದದ್ದು ಎಷ್ಟು ಹೊತ್ತಿಗೆ ಎಂದು ನೋಡಿದ ಮೇಲೆ ಮತ್ತೆ ನಿದ್ದೆ ಹತ್ತುವುದಿಲ್ಲ ಎಂದರು. ಆ ಬೇಸಿಗೆಯಲ್ಲಿ ಅಕ್ಕ ತಮ್ಮ ಇಬ್ಬರೇ ಬೆನ್ನಿಗೆ ಚೀಲ ಹಾಕಿಕೊಂಡು ಹಂಗೇರಿಯ ರಾಜಧಾನಿ ಬುಡಾಪೆಸ್ಟ್ ಸುತ್ತಲು ಹೋಗಿದ್ದರು. ಅಲ್ಲಿಂದ ಹಿಂದಿರುಗಿದ ಮೇಲೆ ನಿಖಿಲ್ ಅಕ್ಕನ ಕರೆಗೆ ಉತ್ತರಿಸುವುದನ್ನೇ ಬಿಟ್ಟಿದ್ದರು. ಮನೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ತಾಯಿಗೆ ಮಾತ್ರ ಒಂದೆರಡು ಪದದ ಉತ್ತರ ಬರುತ್ತಿತ್ತು.

ಪ್ರವಾಸದ ಯೋಜನೆ ಕೇಳಿದರೆ ಯಾರಿಗಾದರೂ ಖುಷಿಯಾಗುವಂಥದ್ದೇ. ಸುಮನಾ ಬೆಂಗಳೂರಿನಿಂದ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳ ವಲಯಕ್ಕೆ ಒಟ್ಟಾಗಿ ಸಿಗುವ ವೀಸಾ, ಮಾಡಿಸಿಕೊಂಡು ಹೊರಟರು. ಹಂಗೇರಿ 2007ರಿಂದ ಆ ವಲಯದಲ್ಲೇ ಇರುವುದರಿಂದ ಜರ್ಮನಿಯ ವಾಸದ ಪರವಾನಗಿ ಹೊಂದಿದ್ದ ನಿಖಿಲ್‌ಗೆ ಬೇರೆ ವೀಸಾ ಬೇಕಿರಲಿಲ್ಲ. ಹಾಸ್ಟೆಲ್ ಕಾಯ್ದಿರಿಸುವುದು, ದಾರಿ ಹುಡುಕುವುದು, ಟಿಕೆಟ್ ತೆಗೆಯುವುದು ನಿಖಿಲ್ ಪಾಲಿಗೆ ಬಂತು. ಖರ್ಚು ಪೂರ್ತಿ ಅಕ್ಕನದು. ಈ ಹಂಚಿಕೆಯ ಬಗ್ಗೆ ಇಬ್ಬರೂ ಬಾಯಿಬಿಟ್ಟು ಮಾತಾಡಿರಲಿಲ್ಲ; ತಾನಾಗಿಯೇ ಹಾಗೆ ಆಗಿತ್ತು ಎಂದು ಇಬ್ಬರೂ ಬೇರೆ ಬೇರೆಯಾಗಿ ನನಗೆ ಹೇಳಿದರು.

ಕಿರಿಕಿರಿ ಮೊದಲ ದಿನವೇ ಶುರುವಾಯಿತು. ಹಾಸ್ಟೆಲಿನಲ್ಲಿ ಸಿಕ್ಕಿದ್ದು ಹತ್ತು ಹಾಸಿಗೆಯ ಕೋಣೆ, ಗಂಡಸರು ಹೆಂಗಸರು ಎಲ್ಲರೂ ಒಟ್ಟಿಗೆ ಮಲಗುವಂಥದ್ದು. ಅಲ್ಲಿ ಇದು ತೀರ ಸಾಮಾನ್ಯ, ಬೆಲೆಯೂ ಕಡಿಮೆ. ನಿಖಿಲ್‌ಗೆ ಅದರಲ್ಲಿ ಹೇಳುವಂಥ ವಿಷಯವೇನೂ ಕಂಡಿರಲಿಲ್ಲ. ಸುಮನಾಗೆ ಬಾಗಿಲು ತೆರೆದಾಗಲೇ ಗೊತ್ತಾಗಿದ್ದು. ಅವರು ಏನೂ ಹೇಳಲಿಲ್ಲ, ಆದರೆ ಎರಡು ರಾತ್ರಿ ಜೀನ್ಸ್ ಹಾಕಿಕೊಂಡೇ ಮಲಗಿದರು. ಮರುದಿನ ಬೆಳಿಗ್ಗೆ ಊರಿನಿಂದ ತಂದಿದ್ದ ಗೊಜ್ಜವಲಕ್ಕಿಯ ಪುಡಿಯನ್ನು ಹಾಸ್ಟೆಲಿನ ಅಡುಗೆಮನೆಯಲ್ಲಿ ಒಂದು ಕಾಫಿ ಮಗ್ಗಿನಲ್ಲಿ ಕಲಸಿ ತಮ್ಮನ ಮುಂದಿಟ್ಟರು. ಸುತ್ತ ಕೂತಿದ್ದ ಹುಡುಗರು ಕುತೂಹಲದಿಂದ ನೋಡಿದರು. ನಿಖಿಲ್ ಹಸಿವಿಲ್ಲ ಎಂದು ಎದ್ದುಹೋಗಿ, ಹೊರಗೆ ಲಾಂಗೋಶ್ ತಿಂದು ಬಂದರು. ಕರಿದ ಹಿಟ್ಟಿನ ಮೇಲೆ ಹುಳಿಕೆನೆ, ಚೀಸ್ ಹಾಕಿ ಕೊಡುವ ಆ ತಿನಿಸಿನ ಬೆಲೆ ಹಂಗೇರಿಯ ಹಣದಲ್ಲಿ ಸಾವಿರಗಳಲ್ಲಿತ್ತು. ಅಲ್ಲಿಯ ಫೋರಿಂಟ್ ನಮ್ಮ ರೂಪಾಯಿಗಿಂತ ಚಿಕ್ಕದು, ಹಾಗಾಗಿ ಬಿಲ್ಲಿನ ಸಂಖ್ಯೆಗಳು ಸುಮ್ಮನೆ ಎದೆ ಝಲ್ಲೆನಿಸುತ್ತವೆ. ಸುಮನಾ ಪ್ರತಿ ಖರ್ಚನ್ನೂ ಫೋರಿಂಟ್, ಯೂರೋ, ರೂಪಾಯಿ ಎಂದು ಮೂರು ಕಾಲಂ ಮಾಡಿ ಫೋನಿನಲ್ಲಿ ಬರೆದುಕೊಳ್ಳುತ್ತಿದ್ದರು. ಆ ಪಟ್ಟಿಯನ್ನು ನನಗೂ ತೋರಿಸಿದರು. ನಿಖಿಲ್ ತಿಂದ ಲಾಂಗೋಶ್ ಅದರಲ್ಲಿತ್ತು. ತಾವು ಕೊಂಡುಕೊಂಡ ನೀರಿನ ಬಾಟಲಿ ಇರಲಿಲ್ಲ.

ಸೇಚೆನಿ ಸ್ನಾನಗೃಹದಲ್ಲಿಯೂ ಹೀಗೆಯೇ ಆಯಿತು. 1913ರಲ್ಲಿ ತೆರೆದ ಆ ಹಳದಿ ಕಟ್ಟಡದ ನಡುವೆ, ನೆಲದಾಳದಿಂದ ಬರುವ ಬಿಸಿನೀರಿನ ದೊಡ್ಡ ಕೊಳಗಳಲ್ಲಿ ಜನ ಗಂಟೆಗಟ್ಟಲೆ ಕೂರುತ್ತಾರೆ, ಕೆಲವರು ನೀರಿನಲ್ಲೇ ಚದುರಂಗ ಆಡುತ್ತಾರೆ. ಈಜುಡುಗೆ ತೊಡಲು ಒಪ್ಪದ ಸುಮನಾ ಹೊರಗಿನ ಉದ್ಯಾನದ ಬೆಂಚಿನ ಮೇಲೆ ಕಾದರು. ಒಳಗಿದ್ದ ನಿಖಿಲ್ ಬಿಯರ್ ಲೋಟ ಹಿಡಿದ ಒಂದು ಫೋಟೊವನ್ನು ಸ್ಟೇಟಸ್‌ಗೆ ಹಾಕಿದರು. ಅರ್ಧ ಗಂಟೆಯಲ್ಲಿ ಊರಿನ ಸೋದರತ್ತೆಯಿಂದ ಸುಮನಾಗೆ ಸಂದೇಶ ಬಂತು: "ನೀನು ಜೊತೆಗಿದ್ದೂ ಹೀಗಾ?" ಈ ಒಂದು ಸಾಲನ್ನು ಸುಮನಾ ಒಂದೇ ಭೇಟಿಯಲ್ಲಿ ಹಲವು ಸಲ ಹೇಳಿದರು. ಉಳಿದದ್ದಕ್ಕಿಂತ ನನ್ನ ಗಮನ ಸೆಳೆದದ್ದೂ ಇದೇ. ಬಿಯರ್ ಕುಡಿದವನಿಗೆ ಬರಬೇಕಾದ ಪ್ರಶ್ನೆ ಬೆಂಚಿನ ಮೇಲೆ ಕೂತವಳಿಗೆ ಬಂದಿತ್ತು.

ಮೂರನೆಯ ರಾತ್ರಿ ಎಲ್ಲವೂ ಒಟ್ಟಿಗೆ ಸಿಡಿಯಿತು. ಡ್ಯಾನ್ಯೂಬ್ ನದಿಯ ಒಂದು ದಡದ ಬುಡಾ ಗುಡ್ಡದ ಭಾಗ, ರಾತ್ರಿಯಾದರೆ ಶಾಂತ. ಎದುರು ದಡದ ಪೆಸ್ಟ್ ಬಯಲು, ಅಲ್ಲೇ ಗಲಾಟೆಯೆಲ್ಲ. ಅದರಲ್ಲೂ ಏಳನೆಯ ವಾರ್ಡು, ಅಂದರೆ ಹಳೆಯ ಯಹೂದಿ ಮೊಹಲ್ಲಾ, ಈಗ ‘ರೂಯಿನ್ ಬಾರ್’ಗಳ ಕೇರಿ. ಪಾಳುಬಿದ್ದ ಹಳೆಯ ವಠಾರಗಳ ಅಂಗಳದಲ್ಲಿ ಎಲ್ಲೆಲ್ಲಿಂದಲೋ ತಂದ ಕುರ್ಚಿ, ಸ್ನಾನದ ತೊಟ್ಟಿ, ಮುರುಕು ವಾಹನಗಳನ್ನೆಲ್ಲ ಇಟ್ಟು ನಡೆಸುವ ಪಾನಗೃಹಗಳಿವು. 2000ದ ದಶಕದ ಮೊದಲ ವರ್ಷಗಳಲ್ಲಿ ಶುರುವಾಗಿ ಈಗ ಬೆನ್ನಚೀಲದ ಪ್ರವಾಸಿಗಳೆಲ್ಲ ಹುಡುಕಿಕೊಂಡು ಹೋಗುವ ಜಾಗಗಳಾಗಿವೆ. ಹಾಸ್ಟೆಲಿನಲ್ಲಿ ಪರಿಚಯವಾದವರೊಂದಿಗೆ ನಿಖಿಲ್ ಅಲ್ಲಿಗೆ ಹೋದರು. "ಒಂದು ಗಂಟೆಯಲ್ಲಿ ಬರ್ತೀನಿ ಅಕ್ಕ" ಎಂದಿದ್ದರಂತೆ. ಎರಡು ಗಂಟೆ ರಾತ್ರಿಯಾದರೂ ಬರಲಿಲ್ಲ, ಫೋನು ಸ್ವಿಚ್ ಆಫ್. ಸುಮನಾ ಹಾಸ್ಟೆಲಿನ ಕೆಳಗಿನ ಕೌಂಟರಿನಲ್ಲಿ ಕೇಳಲಿಲ್ಲ. ತಾಯಿಗೆ ಫೋನು ಮಾಡಿದರು. ಬೇಸಿಗೆಯಲ್ಲಿ ಬುಡಾಪೆಸ್ಟಿಗೂ ನಮಗೂ ಮೂರೂವರೆ ಗಂಟೆಯ ಅಂತರ, ಆದ್ದರಿಂದ ಊರಿನಲ್ಲಿ ಬೆಳಗಿನ ಐದೂವರೆ. ಅಂಗಳಕ್ಕೆ ನೀರು ಹಾಕುತ್ತಿದ್ದ ತಾಯಿ ಆ ಮಾತು ಕೇಳಿ ಅಲ್ಲೇ ಕುಸಿದು ಕೂತರು. ನಿಖಿಲ್ ನಾಲ್ಕರ ಹೊತ್ತಿಗೆ, ಬ್ಯಾಟರಿ ಮುಗಿದ ಫೋನಿನೊಂದಿಗೆ, ಕ್ಷೇಮವಾಗಿ ಬಂದರು. ಜಗಳ ಹಾಸ್ಟೆಲಿನ ಮೆಟ್ಟಿಲ ಮೇಲೆ ನಡೆಯಿತು. "ನಿನ್ನ ದುಡ್ಡಲ್ಲಿ ಬಂದಿದೀನಿ ಅಂತ ನಾನೇನು ನಿನ್ನ ಕೈದಿಯಾ?" ಎಂದು ತಮ್ಮ, "ನಿನಗೋಸ್ಕರ ನಾನು ಏನೆಲ್ಲ ಬಿಟ್ಟೆ ಗೊತ್ತಾ?" ಎಂದು ಅಕ್ಕ. ಬೆಳಗಾಗುತ್ತಲೇ ನಿಖಿಲ್ ವಿಯೆನ್ನಾದ ಬಸ್ ಹತ್ತಿ ಹೊರಟುಹೋದರು. ಸುಮನಾಗೆ ವಿಮಾನವಿದ್ದದ್ದು ಮಾರನೆಯ ದಿನ.

ಉಳಿದ ಆ ಒಂದು ದಿನದಲ್ಲಿ ಅವರಿಗೆ ಎರಡು ಸಂಗತಿ ಗೊತ್ತಾದವು. ವಿಮೆಯ ಪ್ರಮಾಣಪತ್ರವೂ ಹಾಸ್ಟೆಲಿನ ರಸೀದಿಯೂ ನಿಖಿಲ್‌ನ ಮೇಲ್‌ನಲ್ಲೇ ಇದ್ದವು. ಇಷ್ಟು ದಿನ ಟಿಕೆಟ್ ಕೂಡ ಅವರ ಫೋನಿನ ಆ್ಯಪ್‌ನಲ್ಲೇ ಇತ್ತು. ಹೀರೋಗಳ ಚೌಕಕ್ಕೆ ಹೋಗಲೆಂದು ಸುಮನಾ ಕಾಗದದ ಟಿಕೆಟ್ ಕೊಂಡು ಒಂದನೆಯ ಮೆಟ್ರೋಗೆ ಇಳಿದರು. 1896ರಲ್ಲಿ ಶುರುವಾದ, ಯುರೋಪಿನ ಮುಖ್ಯಭೂಮಿಯ ಮೊದಲ ವಿದ್ಯುತ್ ಸುರಂಗ ರೈಲು ಅದು. ರಸ್ತೆಯಿಂದ ಕೆಲವೇ ಮೆಟ್ಟಿಲಿಳಿದರೆ ಪುಟ್ಟ ಹಳದಿ ಬೋಗಿಗಳು ಎದುರಿಗೇ ನಿಂತಿರುತ್ತವೆ. ಟಿಕೆಟ್ ಕೊಂಡರಷ್ಟೇ ಸಾಲದು, ಹತ್ತುವ ಮೊದಲು ಯಂತ್ರದಲ್ಲಿ ತೂರಿಸಿ ಅದಕ್ಕೆ ಮುದ್ರೆ ಹಾಕಿಸಬೇಕು ಎಂಬುದು ಅವರಿಗೆ ತಿಳಿದಿರಲಿಲ್ಲ. ತಪಾಸಣೆಯವರು ದಂಡ ಹಾಕಿದರು. ಕೈಯಲ್ಲಿ ಟಿಕೆಟ್ ಹಿಡಿದುಕೊಂಡೇ ದಂಡ ಕಟ್ಟಿದ ಅವಮಾನವನ್ನು ಹೇಳುವಾಗ ಅವರು ಮೊದಲ ಬಾರಿ ನನ್ನೆದುರು ಅತ್ತರು.

ಹಿನ್ನೆಲೆ ಕೇಳುತ್ತಾ ಹೋದಂತೆ ಚಿತ್ರ ಸ್ಪಷ್ಟವಾಯಿತು. ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ ತಂದೆಗೆ ಕಿರಾಣಿ ಅಂಗಡಿಯಿತ್ತು. ಸುಮನಾ ಪಿಯುಸಿಯಲ್ಲಿದ್ದಾಗ ತಂದೆಗೆ ಪಾರ್ಶ್ವವಾಯು ಹೊಡೆಯಿತು. ತಾಯಿ ಅಂಗಡಿಗೆ ಕೂತರು, ತಮ್ಮನ ಊಟ, ಪಾಠ, ಜ್ವರ, ಶಾಲೆಯ ಪ್ರಗತಿಪತ್ರದ ಸಹಿ ಎಲ್ಲ ಅಕ್ಕನದಾಯಿತು. ಮೈಸೂರಿನಲ್ಲಿ ಸಿಕ್ಕಿದ್ದ ಇಷ್ಟದ ಕೋರ್ಸನ್ನು ಬಿಟ್ಟು ಅವರು ಊರಿನ ಹತ್ತಿರದ ಕಾಲೇಜಿಗೇ ಸೇರಿದರು. ಈಗ ನಿಖಿಲ್‌ನ ಶಿಕ್ಷಣ ಸಾಲಕ್ಕೂ ಸಹ-ಅರ್ಜಿದಾರರು ಅವರೇ. ಓದು ಮುಗಿಯುವವರೆಗೆ ಕಂತು ಶುರುವಾಗದಿದ್ದರೂ ಬಡ್ಡಿ ಬೆಳೆಯಬಾರದೆಂದು ತಿಂಗಳು ತಿಂಗಳೂ ಕಟ್ಟುತ್ತಿದ್ದಾರೆ. ಇದನ್ನು ಅವರು ತಮ್ಮನಿಗೆ ಹೇಳಿರಲಿಲ್ಲ.

ಕುಟುಂಬ ಚಿಕಿತ್ಸೆಯ ಕ್ಷೇತ್ರದಲ್ಲಿ ಇವಾನ್ ಬೋಸೋರ್ಮೇನಿ-ನಾಜ್ ಎಂಬ ಮನೋವೈದ್ಯರ ಹೆಸರು ದೊಡ್ಡದು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಕೆಲಸ ಮಾಡಿದ ಅವರು ಹುಟ್ಟಿದ್ದು 1920ರಲ್ಲಿ, ಇದೇ ಬುಡಾಪೆಸ್ಟಿನಲ್ಲಿ, ಕಾಕತಾಳೀಯವೇ ಸರಿ. ಪ್ರತಿ ಕುಟುಂಬದಲ್ಲೂ ಕೊಟ್ಟದ್ದರ, ಪಡೆದದ್ದರ ಕಣ್ಣಿಗೆ ಕಾಣದ ಲೆಕ್ಕದ ಪುಸ್ತಕವೊಂದು ನಡೆಯುತ್ತಿರುತ್ತದೆ ಎಂಬುದು ಅವರ ವಿಚಾರ. ಮಕ್ಕಳು ಹೆತ್ತವರ ಹೊಣೆ ಹೊತ್ತರೆ ಅದರಿಂದಲೇ ಕೆಡುಕಾಗಬೇಕೆಂದಿಲ್ಲ. ಆ ಹೊಣೆಯನ್ನು ಯಾರೂ ಗುರುತಿಸದೆ, ಅದು ಮಾಮೂಲೆಂಬಂತೆ ಮುಂದುವರಿದರೆ, ಸಲ್ಲಬೇಕಾದದ್ದನ್ನು ಆ ಮಗು ದೊಡ್ಡದಾದ ಮೇಲೆ ಸಂಬಂಧವಿಲ್ಲದವರಿಂದ ವಸೂಲಿಗೆ ನಿಲ್ಲುತ್ತದೆ. ಸುಮನಾ ಅವರ ವಿಷಯದಲ್ಲಿ ಮನ್ನಣೆ ಕೊಡಬೇಕಿದ್ದವರು ತಂದೆತಾಯಿ. ಕೇಳಿದ್ದು ಮಾತ್ರ ತಮ್ಮನನ್ನು, ಅದೂ ಅವನು ಎಷ್ಟು ಹೊತ್ತಿಗೆ ಬರುತ್ತಾನೆ, ಏನು ಕುಡಿಯುತ್ತಾನೆ ಎಂಬ ರೂಪದಲ್ಲಿ. ಇತ್ತ ನಿಖಿಲ್‌ಗೆ ತಾನು ಋಣದಲ್ಲಿದ್ದೇನೆಂದು ಗೊತ್ತಿತ್ತು, ಎಷ್ಟು ಎಂಬುದು ಗೊತ್ತಿರಲಿಲ್ಲ. ಮೊತ್ತ ತಿಳಿಯದ ಸಾಲವನ್ನು ತೀರಿಸುವ ದಾರಿಯೂ ಕಾಣುವುದಿಲ್ಲವಾದ್ದರಿಂದ, ಅವರು ಅಕ್ಕನ ಎದುರಿನಿಂದ ತಪ್ಪಿಸಿಕೊಳ್ಳುತ್ತಿದ್ದರು. ಗೊಜ್ಜವಲಕ್ಕಿ ಬೇಡವೆಂದು ಎದ್ದುಹೋದದ್ದು, ವಿಯೆನ್ನಾದ ಬಸ್ ಹತ್ತಿದ್ದು ಎರಡಕ್ಕೂ ಮೂಲ ಅದೇ ಎಂದು ನನಗನ್ನಿಸುತ್ತದೆ.

ನಿಖಿಲ್ ವಿಡಿಯೋ ಕರೆಯಲ್ಲಿ ಸೇರಲು ಒಪ್ಪಿದ್ದು ಒಂದು ಷರತ್ತಿನ ಮೇಲೆ: ತಾಯಿಯನ್ನು ಸೇರಿಸಬಾರದು. ಒಪ್ಪಿದೆ. ಪ್ರವಾಸದ ಜಗಳದ ಮಾತನ್ನು ಮೊದಲಿಗೆ ಎತ್ತಲಿಲ್ಲ. ಅಕ್ಕ ಏನೇನು ಮಾಡಿದರು ಎಂಬುದನ್ನು ಅಕ್ಕ ಹೇಳುವ ಬದಲು ತಮ್ಮನೇ ನೆನಪಿನಿಂದ ಹೇಳಬೇಕೆಂದು ಕೇಳಿಕೊಂಡೆ. ಅವರು ಪ್ರಗತಿಪತ್ರದ ಸಹಿಯಿಂದ ಶುರುಮಾಡಿದರು. ಏಳನೆಯ ತರಗತಿಯಲ್ಲಿ ಗಣಿತದಲ್ಲಿ ಫೇಲಾದಾಗ ಅಕ್ಕ ಸಹಿ ಹಾಕಿ ಅಮ್ಮನಿಗೆ ತಿಳಿಸದೇ ಇದ್ದದ್ದು ಅಕ್ಕನಿಗೇ ಮರೆತುಹೋಗಿತ್ತು. ಬಡ್ಡಿಯ ವಿಷಯವನ್ನು ಸುಮನಾ ಆಗ ತಾವಾಗಿಯೇ ಹೇಳಿದರು. ಸ್ವಲ್ಪ ಹೊತ್ತಿನ ಮೇಲೆ ನಿಖಿಲ್, "ಮೊದಲೇ ಹೇಳಿದ್ರೆ ನಾನು ಪಾರ್ಟ್‌ಟೈಮ್ ದುಡ್ಡಲ್ಲಿ ಸ್ವಲ್ಪ ಕಳಿಸ್ತಿದ್ದೆ ಅಕ್ಕ, ನನ್ನನ್ನ ಯಾಕೆ ಅಷ್ಟು ಚಿಕ್ಕವನು ಮಾಡಿಟ್ಟಿದೀಯ?" ಎಂದರು.

ನಾನು ಕೊಟ್ಟ ಸಲಹೆಯ ಮುಖ್ಯ ಭಾಗ ಈ ಹಣಕ್ಕೆ ಸಂಬಂಧಿಸಿದ್ದು. ಬಡ್ಡಿಯ ಮೊತ್ತ, ಈವರೆಗೆ ಕಟ್ಟಿದ್ದು, ಮುಂದೆ ಬರುವ ಕಂತು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಇಟ್ಟುಕೊಳ್ಳಬೇಕು. ನಿಖಿಲ್ ಚಿಕ್ಕದಾದರೂ ಒಂದು ನಿಗದಿತ ಮೊತ್ತವನ್ನು ಪ್ರತಿ ತಿಂಗಳು ಕಳಿಸಬೇಕು, ಸುಮನಾ ಅದನ್ನು ಬೇಡವೆನ್ನಬಾರದು. ಸುಮನಾಗೆ ಕಷ್ಟವಾದದ್ದು ಈ ಎರಡನೆಯ ಅರ್ಧ. ‘ಓದೋ ಹುಡುಗನ ಹತ್ರ ತಗೊಳ್ಳೋದಾ ಮೇಡಂ’ ಎಂದು ವಾದಿಸಿದರು. ತೆಗೆದುಕೊಳ್ಳದಿದ್ದರೆ ಅವರು ಕೊಡುವವರಾಗಿಯೇ ಉಳಿಯುತ್ತಾರೆ, ಆ ಜಾಗದಲ್ಲಿ ಕೂತವರಿಗೆ ತಮ್ಮ ಎಷ್ಟು ಹೊತ್ತಿಗೆ ಮಲಗುತ್ತಾನೆಂದು ಕೇಳುವ ಹಕ್ಕೂ ತಾನಾಗಿ ಬಂದುಬಿಡುತ್ತದೆ ಎಂದೆ. ಊರಿಗೆ ಸುದ್ದಿ ಮುಟ್ಟಿಸುವ ಕೆಲಸವನ್ನೂ ಅವರು ಬಿಡಬೇಕಿತ್ತು. ತಮ್ಮ ಬಿಯರ್ ಕುಡಿದ ವಿಷಯ ತಾಯಿಗೆ ಹೇಳಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸಬೇಕಾದವರು ನಿಖಿಲ್. ಸೋದರತ್ತೆಯ ಸಂದೇಶಕ್ಕೆ "ಅವನನ್ನೇ ಕೇಳಿ ಅತ್ತೆ" ಎಂಬಷ್ಟೇ ಉತ್ತರ ಸಾಕು.

ನಿಖಿಲ್‌ಗೆ ಕೊಟ್ಟ ಸಲಹೆ ಬೇರೆ. ಒಂದು ಗಂಟೆ ಎಂದು ಹೇಳಿ ನಾಲ್ಕಕ್ಕೆ ಬರುವುದು ಸ್ವಾತಂತ್ರ್ಯದ ಪ್ರಶ್ನೆಯಲ್ಲ, ಜೊತೆಯಲ್ಲಿ ಬಂದವರಿಗೆ ಕೊಟ್ಟ ಮಾತಿನ ಪ್ರಶ್ನೆ. ಸಹಪಾಠಿಯ ಜೊತೆ ಹೋಗಿದ್ದರೂ ಇದೇ ಮಾತು ಹೇಳುತ್ತಿದ್ದೆ. "ನಾಲ್ಕಾಗಬಹುದು, ನೀನು ಮಲಗು ಅಕ್ಕ" ಎನ್ನಲು ಅವರಿಗೆ ಧೈರ್ಯವಿರಲಿಲ್ಲ, ಬೈಗುಳ ತಪ್ಪಿಸಿಕೊಳ್ಳಲು ಸುಳ್ಳು ಸಮಯ ಹೇಳುವ ಹೈಸ್ಕೂಲಿನ ಅಭ್ಯಾಸವೇ ಅಲ್ಲಿಯೂ ಕೆಲಸ ಮಾಡಿತ್ತು. ಅವರು ಇದನ್ನು ನಗುತ್ತಲೇ ಒಪ್ಪಿದರು.

ಮುಂದಿನ ಪ್ರವಾಸದ ಬಗ್ಗೆ ಅವರೇ ಕೇಳಿದ್ದರಿಂದ ಕೆಲವು ವ್ಯಾವಹಾರಿಕ ಮಾತುಗಳನ್ನೂ ಸೇರಿಸಿದೆ. ಪಾಸ್‌ಪೋರ್ಟಿನ ಪ್ರತಿ, ವಿಮೆ, ಹಾಸ್ಟೆಲ್ ರಸೀದಿ, ಟಿಕೆಟ್ ಆ್ಯಪ್ ಇಬ್ಬರ ಫೋನಿನಲ್ಲೂ ಇರಲಿ. ಎಂಥ ಕೋಣೆ ಎಂಬುದನ್ನು ಹಣ ಕಟ್ಟುವ ಮೊದಲು ಇಬ್ಬರೂ ನೋಡಲಿ. ಹೆಂಗಸರಿಗೇ ಮೀಸಲಾದ ಕೋಣೆ ಬಹಳ ಹಾಸ್ಟೆಲುಗಳಲ್ಲಿ ಸಿಗುತ್ತದೆ, ಇಬ್ಬರೂ ಒಂದೇ ಕೋಣೆಯಲ್ಲಿರಲೇಬೇಕೆಂಬ ಕಟ್ಟುಪಾಡೇನಿಲ್ಲ. ದಿನದ ಅರ್ಧ ಭಾಗ ಬೇರೆ ಬೇರೆ ತಿರುಗಲಿ; ರಾತ್ರಿಯ ಪೆಸ್ಟ್ ಒಬ್ಬರಿಗೆ ಬೇಕಾಗಿ, ಬೆಳಗಿನ ಬುಡಾ ಗುಡ್ಡ ಇನ್ನೊಬ್ಬರಿಗೆ ಬೇಕಾದರೆ ಅದರಲ್ಲಿ ತಪ್ಪೇನೂ ಇಲ್ಲ. ಯಾರಾದರೂ ಹೇಳಿದ ಹೊತ್ತಿಗೆ ಬರದಿದ್ದರೆ ಮೊದಲು ಹಾಸ್ಟೆಲ್ ಕೌಂಟರ್, ಅಪಾಯವೆನಿಸಿದರೆ ಯುರೋಪಿನ ತುರ್ತು ಸಂಖ್ಯೆ 112, ಆಮೇಲೆ ಊರು. ಅಷ್ಟು ದೂರದಲ್ಲಿರುವ ತಾಯಿಗೆ ಆ ಹೊತ್ತಿನಲ್ಲಿ ಮಾಡಲು ಸಾಧ್ಯವಿರುವುದು ಗಾಬರಿಯಾಗುವುದೊಂದೇ.

ಈಗಿನ ಸ್ಥಿತಿ ಹೀಗಿದೆ. ನಿಖಿಲ್ ಹಣ ಕಳಿಸುತ್ತಿದ್ದಾರೆ. ಸುಮನಾ ಮೊದಲ ತಿಂಗಳು ಅದನ್ನು ಮರಳಿಸಿ, ಎರಡನೆಯ ತಿಂಗಳಿನಿಂದ ಇಟ್ಟುಕೊಳ್ಳುತ್ತಿದ್ದಾರೆ. ನಿದ್ದೆ ಬಹುಪಾಲು ಸರಿಹೋಗಿದೆ, ‘ಕೊನೆಯ ಬಾರಿ ಆನ್‌ಲೈನ್’ ಕಾಣದಂತೆ ನಿಖಿಲ್ ಮರೆಮಾಡಿದ್ದೂ ಅದಕ್ಕೆ ನೆರವಾಗಿರಬಹುದು. ತಾನು ಬಿಟ್ಟ ಮೈಸೂರಿನ ಕೋರ್ಸಿನ ವಿಷಯವನ್ನು ಸುಮನಾ ತಾಯಿಯ ಬಳಿ ಇನ್ನೂ ಎತ್ತಿಲ್ಲ. ಅದಕ್ಕೆ ಬೇರೆಯೇ ಭೇಟಿಗಳು ನಡೆಯುತ್ತಿವೆ. ಅಕ್ಕನನ್ನು ಪರಊರಿನಲ್ಲಿ, ಅವರ ಕಾಗದಪತ್ರಗಳನ್ನು ತನ್ನ ಮೇಲ್‌ನಲ್ಲೇ ಇಟ್ಟುಕೊಂಡು ಬಿಟ್ಟುಹೋದದ್ದು ಗಂಭೀರ ತಪ್ಪೆಂದು ನಿಖಿಲ್ ಇನ್ನೂ ಒಪ್ಪಿಲ್ಲ, ‘ಅವಳೂ ಹೋಗು ಅಂದಳಲ್ಲ’ ಎನ್ನುತ್ತಾರೆ. ಡಿಸೆಂಬರಿನಲ್ಲಿ ಊರಿಗೆ ಬಂದಾಗ ಇಬ್ಬರೂ ಎದುರುಬದುರು ಕೂತು ಆ ಮಾತನ್ನು ಮುಗಿಸುವುದೆಂದು ತೀರ್ಮಾನವಾಗಿದೆ.