ಬಿಟ್ ಸರಿಯಾಗಿ ಕೂತರೆ ಅರ್ಧ ರಿಪೇರಿ ಮುಗಿದಂತೆ

ಫೋನು, ಲ್ಯಾಪ್‌ಟಾಪ್, ಗೇಮ್ ಕನ್ಸೋಲ್‌ಗಳನ್ನು ಮನೆಯಲ್ಲೇ ಬಿಚ್ಚಲು ಹೊರಟ ಓದುಗರಿಂದ ಮತ್ತೆ ಮತ್ತೆ ಬಂದ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ಸಣ್ಣ ಸ್ಕ್ರೂಡ್ರೈವರ್‌ಗಳ ಕಿಟ್ ಕೊಳ್ಳಬೇಕೆಂದಿದ್ದೇನೆ. ಹಿಡಿಗೆ ಬದಲಿಸಿ ಹಾಕುವ ತುದಿಗಳು, ಅಂದರೆ ಬಿಟ್‌ಗಳು, 24 ಇರುವುದೂ ಇದೆ, 140 ಇರುವುದೂ ಇದೆ. ಯಾವುದು ಸಾಕು?

ಎಣಿಕೆ ನೋಡಿ ಕೊಳ್ಳಬೇಡಿ. ದೊಡ್ಡ ಪೆಟ್ಟಿಗೆಯಲ್ಲಿರುವ ಬಹುಪಾಲು ಬಿಟ್‌ಗಳು ಒಮ್ಮೆಯೂ ಹೊರಗೆ ಬರುವುದಿಲ್ಲ. ನಿಜವಾಗಿ ದುಡಿಯುವುದು ಹದಿನೈದರಷ್ಟು ಮಾತ್ರ. ಕೂಡುಚಿಹ್ನೆ ಆಕಾರದ ಫಿಲಿಪ್ಸ್‌ನಲ್ಲಿ ಪಿಎಚ್000, ಪಿಎಚ್00, ಪಿಎಚ್0 ಇರಲೇಬೇಕು (ಸೊನ್ನೆ ಹೆಚ್ಚಿದಷ್ಟೂ ತುದಿ ಸಣ್ಣದು). ಆರು ಮೂಲೆಯ ನಕ್ಷತ್ರದಂತಿರುವ ಟಾರ್ಕ್ಸ್‌ನಲ್ಲಿ ಟಿ3ರಿಂದ ಟಿ6ರವರೆಗೆ ಬೇಕು. ಜೊತೆಗೆ ನಡುವೆ ತೂತಿರುವ ಸೆಕ್ಯುರಿಟಿ ಟಾರ್ಕ್ಸ್ ಟಿ8 ಇರಲಿ, ಪ್ಲೇಸ್ಟೇಷನ್ ಮತ್ತು ಎಕ್ಸ್‌ಬಾಕ್ಸ್ ಕನ್ಸೋಲ್‌ಗಳಿಗೆ ಅದು ಬೇಕಾಗುತ್ತದೆ. ಐಫೋನಿನ ತಳದ ಎರಡು ಸ್ಕ್ರೂಗಳು ಐದೆಸಳಿನ ಪೆಂಟಲೋಬ್ ಪಿ2, ಮ್ಯಾಕ್‌ಬುಕ್ ತಳದವು ಪಿ5. ಐಫೋನ್ 7ರಿಂದ ಮುಂದಿನವುಗಳ ಒಳಗೆ ಮೂರು ಮೂಲೆಯ ವೈ000 ಸಿಗುತ್ತದೆ. ನಿಂಟೆಂಡೊ ಸ್ವಿಚ್‌ನ ಹೊರಕವಚಕ್ಕೆ ವೈ00 ಬೇಕು.

ಹೆಚ್ಚಿನವರು ಮರೆಯುವುದು ಜೆಐಎಸ್ ಬಿಟ್ಟನ್ನು. ಜಪಾನಿನ ಈ ಮಾನಕದ ಸ್ಕ್ರೂ ಕಣ್ಣಿಗೆ ಫಿಲಿಪ್ಸ್‌ನಂತೆಯೇ ಕಾಣುತ್ತದೆ. ಆದರೆ ಫಿಲಿಪ್ಸ್ ಬಿಟ್ ಅದರ ತಳದವರೆಗೆ ಇಳಿಯದೆ ಮೇಲೇ ತೇಲುತ್ತದೆ, ಬಲ ಹಾಕಿದ ಕೂಡಲೇ ಜಾರಿ ತಲೆ ಸವೆಸುತ್ತದೆ. ಹಳೆಯ ಜಪಾನಿ ಕ್ಯಾಮೆರಾಗಳಲ್ಲಿ ಮತ್ತು ನಿಂಟೆಂಡೊ ಸಾಧನಗಳ ಒಳಗೆ ತಲೆ ಸವೆದ ಸ್ಕ್ರೂಗಳು ಅಷ್ಟೊಂದು ಕಾಣುವುದು ಇದೇ ಕಾರಣಕ್ಕೆ.

ಬಿಟ್‌ನ ಲೋಹ ಎಸ್2 ಎಂಬ ಗಟ್ಟಿ ಉಕ್ಕಾಗಿರಲಿ. ಅಗ್ಗದ ಮೆದು ಉಕ್ಕಿನ ಪಿಎಚ್000 ಬಿಟ್‌ನ ಮೂಗು ನಾಲ್ಕಾರು ಬಿಗಿ ಸ್ಕ್ರೂಗಳಿಗೇ ದುಂಡಗಾಗುತ್ತದೆ, ಆಮೇಲೆ ಅದು ಮುಟ್ಟಿದ ಸ್ಕ್ರೂಗಳೆಲ್ಲ ಹಾಳು. ಬಿಟ್‌ನ ಬುಡ 4 ಮಿ.ಮೀ. ಷಡ್ಭುಜವಾಗಿದ್ದರೆ ಮುಂದೆ ಬಿಡಿ ಬಿಟ್‌ಗಳು ಸುಲಭವಾಗಿ ಸಿಗುತ್ತವೆ. ಹಿಡಿಯ ತುದಿಯಲ್ಲಿ ತಾನಾಗಿ ತಿರುಗುವ ಟೊಪ್ಪಿಗೆ ಇರಬೇಕು. ಅಂಗೈಯಿಂದ ಅದನ್ನು ಒತ್ತಿ ಹಿಡಿದು ಬೆರಳಿನಿಂದ ತಿರುಗಿಸಲು ಬರುವುದು ಆಗಲೇ.

ಮಿಕ್ಕ ಹಣವನ್ನು ಬಿಟ್‌ಗಳಿಗೆ ಸುರಿಯುವ ಬದಲು ಇವುಗಳಿಗೆ ಹಾಕಿ: ಗಟ್ಟಿ ನೈಲಾನಿನ ಸ್ಪಡ್ಜರ್ (ಮೀಟುವ ಕಡ್ಡಿ) ಎರಡು, ಸಂದಿಗೆ ತೂರಿಸುವ ತೆಳು ಪ್ಲಾಸ್ಟಿಕ್ ಪಿಕ್ ಆರು, ಬಾಗಿದ ಮೂತಿಯ ಚಿಮುಟ, ವೋಲ್ಟ್, ಓಮ್ ಅಳೆಯುವ ಒಂದು ಸಾಧಾರಣ ಮಲ್ಟಿಮೀಟರ್, ಕೊಳೆ, ಅಂಟು ಬಿಡಿಸಲು ಶೇ 90ಕ್ಕಿಂತ ಹೆಚ್ಚು ಸಾಂದ್ರತೆಯ ಐಸೊಪ್ರೊಪೈಲ್ ಆಲ್ಕೋಹಾಲ್.

ಪ್ರಶ್ನೆ: ಲ್ಯಾಪ್‌ಟಾಪಿನ ತಳದ ಒಂದು ಸ್ಕ್ರೂ ತಲೆ ಪೂರ್ತಿ ಸವೆದಿದೆ. ಬಿಟ್ ಸುಮ್ಮನೆ ತಿರುಗುತ್ತದೆ. ಏನು ಮಾಡಲಿ?

ಮೊದಲು ನಿಲ್ಲಿಸಿ. ಜಾರಿದ ಮೇಲೂ ತಿರುಗಿಸುತ್ತಾ ಹೋದರೆ ಉಳಿದಿರುವ ಅಂಚೂ ಹೋಗುತ್ತದೆ. ತಲೆಯೊಳಗಿನ ದೂಳನ್ನು ಸೂಜಿಯಿಂದ ಕೆದಕಿ ತೆಗೆಯಿರಿ. ಬಿಟ್ ತಳ ಮುಟ್ಟದಿರಲು ಎಷ್ಟೋ ಸಲ ಆ ಕೊಳೆಯೇ ಕಾರಣ. ಆಮೇಲೆ ಒಂದು ಅಳತೆ ದೊಡ್ಡ ಬಿಟ್ ಹಾಕಿ ನೋಡಿ. ಪಿಎಚ್00 ಜಾರಿದಲ್ಲಿ ಪಿಎಚ್0 ಹಿಡಿಯುವುದುಂಟು. ಸರಿಯಾದ ಬಿಟ್ ಕೂತರೆ ಕೈ ಬಿಟ್ಟರೂ ನೆಟ್ಟಗೆ ನಿಲ್ಲುತ್ತದೆ, ಅಲ್ಲಾಡಿಸಿದರೆ ಸಡಿಲ ತೋರುವುದಿಲ್ಲ. ತಿರುಗಿಸುವ ಬಲಕ್ಕಿಂತ ಕೆಳಗೆ ಒತ್ತುವ ಬಲ ಹೆಚ್ಚಿರಲಿ.

ಆಗಲಿಲ್ಲವೆಂದರೆ ಅಗಲವಾದ ರಬ್ಬರ್ ಬ್ಯಾಂಡನ್ನು ತಲೆಯ ಮೇಲೆ ಚಪ್ಪಟೆಯಾಗಿ ಇಟ್ಟು ಅದರ ಮೇಲೆ ಬಿಟ್ ಒತ್ತಿ. ಅದಕ್ಕೂ ಬಗ್ಗದಿದ್ದರೆ ಸವೆದ ಅಡ್ಡಗೀರಿಗೆ ಬಿಗಿಯಾಗಿ ಕೂರುವ ಟಾರ್ಕ್ಸ್ ಬಿಟ್ ಹುಡುಕಿ, ಸಾಮಾನ್ಯವಾಗಿ ಟಿ4 ಅಥವಾ ಟಿ5. ಅದನ್ನು ಒತ್ತಿ ಕೂರಿಸಿ ಮೆಲ್ಲಗೆ ತಿರುಗಿಸಿ. ಟಾರ್ಕ್ಸ್‌ನ ಆರು ಮೂಲೆಗಳು ಹೊಸ ಜಾಗದಲ್ಲಿ ಕಚ್ಚುತ್ತವೆ.

ಸ್ಕ್ರೂವಿನ ಸುರುಳಿ ಎಳೆಗೆ ನೀಲಿ ಅಥವಾ ಕೆಂಪು ಅಂಟು ಹಚ್ಚಿದ್ದರೆ ಯಾವ ಬಿಟ್ಟಿಗೂ ಸುಲಭವಾಗಿ ಜಗ್ಗದು. ಸೋಲ್ಡರಿಂಗ್ ಐರನ್ ತುದಿಯನ್ನು ತಲೆಯ ಮೇಲೆ ಹತ್ತು ಸೆಕೆಂಡ್ ಇಟ್ಟರೆ ಅಂಟು ಮೆದುವಾಗುತ್ತದೆ. ಆದರೆ ಇದು ಲೋಹದ ಚೌಕಟ್ಟಿನಲ್ಲಿ ಮಾತ್ರ ಸಲ್ಲುವ ಉಪಾಯ. ಪ್ಲಾಸ್ಟಿಕ್ ದೇಹದ ಲ್ಯಾಪ್‌ಟಾಪ್‌ಗಳಲ್ಲಿ ಸ್ಕ್ರೂ ಒಂದು ಹಿತ್ತಾಳೆಯ ಬಿಲ್ಲೆಗೆ ಕಚ್ಚಿಕೊಂಡಿರುತ್ತದೆ, ಬಿಲ್ಲೆ ಪ್ಲಾಸ್ಟಿಕ್ಕಿಗೆ. ಬಿಸಿ ಮಾಡಿದರೆ ಪ್ಲಾಸ್ಟಿಕ್ ಕರಗಿ ಬಿಲ್ಲೆಯೇ ಸುತ್ತತೊಡಗುತ್ತದೆ. ಸ್ಕ್ರೂ ಕೊನೆಯಿಲ್ಲದೆ ತಿರುಗುತ್ತಿದ್ದರೂ ಮೇಲೆ ಬರುತ್ತಿಲ್ಲವೆಂದರೆ ಬಿಲ್ಲೆ ಈಗಾಗಲೇ ಸಡಿಲವಾಗಿದೆ ಎಂದು ತಿಳಿಯಿರಿ. ಆಗ ಆ ಮೂಲೆಯ ಮುಚ್ಚಳವನ್ನು ಪಿಕ್‌ನಿಂದ ಸ್ವಲ್ಪ ಮೇಲೆತ್ತಿ ಹಿಡಿದೇ ಸ್ಕ್ರೂ ತಿರುಗಿಸಬೇಕು.

ಕೊನೆಯ ದಾರಿ ಡ್ರಿಲ್. ಎಂ2 (ಕಡ್ಡಿ 2 ಮಿ.ಮೀ. ದಪ್ಪದ) ಸ್ಕ್ರೂ ಆದರೆ 2 ಮಿ.ಮೀ.ಗಿಂತ ಕೂದಲೆಳೆಯಷ್ಟು ದೊಡ್ಡ ಡ್ರಿಲ್‌ನಿಂದ ತಲೆಯನ್ನು ಮಾತ್ರ ಕೊರೆದು ಹಾರಿಸಿ. ಮುಚ್ಚಳ ಬಿಡುತ್ತದೆ, ಉಳಿದ ಕಡ್ಡಿಯನ್ನು ಇಕ್ಕುಳದಿಂದ ತಿರುಗಿಸಿ ತೆಗೆಯಬಹುದು. ಸುತ್ತಲಿನ ಸಂದು, ಗಾಳಿ ಕಿಂಡಿಗಳಿಗೆಲ್ಲ ಮೊದಲೇ ಟೇಪ್ ಅಂಟಿಸಿ. ಒಂದೇ ಒಂದು ಲೋಹದ ಚೂರು ಮದರ್‌ಬೋರ್ಡ್ ಮೇಲೆ ಬಿದ್ದರೂ ಶಾರ್ಟ್ ಆಗುತ್ತದೆ.

ಪ್ರಶ್ನೆ: ಫೋನಿನೊಳಗಿನ ಸ್ಕ್ರೂಗಳೆಲ್ಲ ಒಂದೇ ತರ ಕಾಣುತ್ತವೆ. ಅದಲುಬದಲಾದರೆ ಏನಾಗುತ್ತದೆ?

ಬೋರ್ಡ್ ಸಾಯಬಹುದು. ಐಫೋನ್ 6ರಲ್ಲಿ ಪರದೆಯ ಕೇಬಲ್‌ಗಳನ್ನು ಒತ್ತಿ ಹಿಡಿಯುವ ಪುಟ್ಟ ತಗಡಿಗೆ ಐದು ಸ್ಕ್ರೂಗಳಿವೆ. ಅವುಗಳಲ್ಲಿ ಮೂರು 1.2 ಮಿ.ಮೀ., ಒಂದು 1.7, ಇನ್ನೊಂದು 3.1. ಗಿಡ್ಡ ಸ್ಕ್ರೂವಿನ ತೂತಿಗೆ ಉದ್ದನೆಯದನ್ನು ಬಿಗಿದರೆ ಅದರ ತುದಿ ತಗಡನ್ನು ದಾಟಿ ಬೋರ್ಡ್‌ಗೆ ಇಳಿದು ಒಳಪದರಗಳ ತಾಮ್ರದ ಗೆರೆಗಳನ್ನು ಕತ್ತರಿಸುತ್ತದೆ. ಫೋನು ಮತ್ತೆ ಏಳುವುದಿಲ್ಲ, ಎದ್ದರೂ ಪರದೆಯೋ ಸ್ಪರ್ಶವೋ ಇರುವುದಿಲ್ಲ. ಇದನ್ನು ಸರಿಪಡಿಸಲು ಸೂಕ್ಷ್ಮದರ್ಶಕದ ಕೆಳಗೆ ತಂತಿ ಬೆಸೆಯಬೇಕು, ಮನೆಯಲ್ಲಿ ಆಗುವ ಕೆಲಸವಲ್ಲ.

ಹಾಗಾಗಿ ತಟ್ಟೆಯಲ್ಲಿ ಗುಡ್ಡೆ ಹಾಕುವ ಅಭ್ಯಾಸ ಬಿಡಿ. ಬಿಳಿ ಹಾಳೆಯ ಮೇಲೆ ಸಾಧನದ ಆಕಾರ ಬರೆದು, ಎರಡೂ ಬದಿ ಅಂಟಿರುವ ಟೇಪ್ ಅಂಟಿಸಿ, ಪ್ರತಿ ಸ್ಕ್ರೂವನ್ನೂ ಅದು ಬಂದ ಜಾಗದಲ್ಲೇ ಒತ್ತಿಡಿ. ಪ್ರತಿ ಹಂತಕ್ಕೂ ಬೇರೆ ಹಾಳೆ. ಆಯಸ್ಕಾಂತದ ಚಾಪೆ ನೋಡಲು ಚೆಂದ, ಆದರೆ ಕೆಲವು ಸ್ಕ್ರೂಗಳು ಆಯಸ್ಕಾಂತಕ್ಕೆ ಅಂಟುವುದೇ ಇಲ್ಲ. ಮರಳಿ ಹಾಕುವಾಗ ಒಂದು ಸ್ಕ್ರೂ ಮಾಮೂಲಿಗಿಂತ ಬೇಗ ಬಿಗಿಯಾದರೆ, ಅಥವಾ ತಲೆ ತಗಡಿಗೆ ತಾಗುವ ಮುಂಚೆಯೇ ತಡೆದರೆ, ಅದು ಆ ಜಾಗದ್ದಲ್ಲ. ಬಿಗಿಯುವ ಮೊದಲು ಪ್ರತಿ ಸ್ಕ್ರೂವನ್ನೂ ಹಿಂದಕ್ಕೆ ತಿರುಗಿಸಿ. ಎಳೆ ಎಳೆಗೆ ಕೂತಾಗ ಟಿಕ್ ಎಂದು ಕೈಗೆ ಗೊತ್ತಾಗುತ್ತದೆ, ಅಲ್ಲಿಂದ ಮುಂದಕ್ಕೆ ತಿರುಗಿಸಿ.

ಪ್ರಶ್ನೆ: ಫೋನಿನ ಬ್ಯಾಟರಿ ನಾನೇ ಬದಲಿಸಬಹುದೇ? ಲ್ಯಾಪ್‌ಟಾಪಿನ ಬ್ಯಾಟರಿ ಉಬ್ಬಿದಂತೆಯೂ ಕಾಣುತ್ತಿದೆ.

ಉಬ್ಬದ ಬ್ಯಾಟರಿಯಾದರೆ ಬದಲಿಸಬಹುದು. ಬಿಚ್ಚುವ ಮುಂಚೆ ಚಾರ್ಜ್ ಶೇ 25ಕ್ಕಿಂತ ಕೆಳಗಿಳಿಯಲಿ. ತುಂಬಿದ ಲಿಥಿಯಂ ಬ್ಯಾಟರಿ ಚುಚ್ಚಿದರೆ ಉರಿಯುವ ರಭಸವೇ ಬೇರೆ, ಖಾಲಿಯದರಲ್ಲಿ ಆ ಶಕ್ತಿ ಇರುವುದಿಲ್ಲ. ಫೋನ್ ಪೂರ್ತಿ ಆಫ್ ಮಾಡಿ. ಮುಚ್ಚಳ ತೆರೆದ ಮೇಲೆ ಮೊದಲು ಕಳಚುವುದು ಬ್ಯಾಟರಿಯ ಕನೆಕ್ಟರ್, ಜೋಡಿಸುವಾಗ ಕೊನೆಯದೂ ಅದೇ. ಪರದೆಯ ಕೇಬಲ್ ಎಳೆಯುವಾಗ ಬ್ಯಾಟರಿ ಜೋಡಿಯಾಗಿಯೇ ಇದ್ದರೆ ಹಿಂಬದಿ ಬೆಳಕಿನ ಸರ್ಕ್ಯೂಟ್ ಸುಟ್ಟುಹೋಗುವುದು ಸಾಮಾನ್ಯ.

ಬ್ಯಾಟರಿಯ ಅಡಿಯಲ್ಲಿ ಎಳೆದರೆ ಹಿಗ್ಗುವ ಅಂಟುಪಟ್ಟಿಗಳಿದ್ದರೆ ತುದಿ ಹಿಡಿದು, ಬೋರ್ಡ್‌ಗೆ ಸಮಾನಾಂತರವಾಗಿ, ಆದಷ್ಟು ನಿಧಾನವಾಗಿ ಎಳೆಯಿರಿ. ಮೇಲ್ಮುಖವಾಗಿ ಎಳೆದರೆ ಪಟ್ಟಿ ಬ್ಯಾಟರಿಯ ಅಂಚಿಗೆ ಉಜ್ಜಿ ತುಂಡಾಗುತ್ತದೆ. ತುಂಡಾಯಿತೇ? ಬ್ಯಾಟರಿಯ ಅಂಚಿಗೆ ಐಸೊಪ್ರೊಪೈಲ್ ನಾಲ್ಕು ಹನಿ ಬಿಟ್ಟು, ಫೋನನ್ನು ಒಂದು ಬದಿಗೆ ವಾಲಿಸಿ ಎರಡು ನಿಮಿಷ ಕಾಯಿರಿ. ಆಮೇಲೆ ಪ್ಲಾಸ್ಟಿಕ್ ಕಾರ್ಡ್ ತೂರಿಸಿ ಅಂಟು ಬಿಡಿಸಿ. ಸ್ಕ್ರೂಡ್ರೈವರ್, ಲೋಹದ ಪಟ್ಟಿ ಬೇಡವೇ ಬೇಡ. ಬ್ಯಾಟರಿಯನ್ನು ಬಗ್ಗಿಸಿ ಎಬ್ಬಿಸುವುದೂ ಬೇಡ. ಬಗ್ಗಿದರೆ ಒಳಗಿನ ತೆಳು ಪೊರೆ ಹರಿದು ಎರಡು ಧ್ರುವಗಳು ತಾಗುತ್ತವೆ, ಬೆಂಕಿ ಹೊತ್ತುವುದು ಅಲ್ಲಿಂದಲೇ. ಹೀಟ್ ಗನ್ ಬಳಸುವವರು ಗಮನಿಸಿ, ಐಸೊಪ್ರೊಪೈಲ್ ಬೇಗ ಹತ್ತಿಕೊಳ್ಳುವ ದ್ರವ. ಶಾಖ ಅಥವಾ ದ್ರವ, ಎರಡರಲ್ಲಿ ಒಂದೇ ಇರಲಿ.

ಇನ್ನು ನಿಮ್ಮ ಲ್ಯಾಪ್‌ಟಾಪ್. ಟಚ್‌ಪ್ಯಾಡ್ ಒತ್ತಲು ಗಟ್ಟಿಯಾಗಿದ್ದರೆ, ತಳ ಮೇಜಿನ ಮೇಲೆ ಅಲ್ಲಾಡುತ್ತಿದ್ದರೆ ಉಬ್ಬಿರುವುದು ಖಚಿತವೆಂದೇ ಎಣಿಸಿ. ಚಾರ್ಜ್ ಮಾಡಬೇಡಿ, ಮುಚ್ಚಳ ಒತ್ತಿ ಮುಚ್ಚಬೇಡಿ. ಆ ಬ್ಯಾಟರಿಯನ್ನು ಸ್ಕ್ರೂಗಳಷ್ಟೇ ಹಿಡಿದಿದ್ದರೆ ಎಚ್ಚರದಿಂದ ತೆಗೆಯಬಹುದು. ಅಂಟಿನಿಂದ ಕೂರಿಸಿದ್ದಾದರೆ ಅಲ್ಲಿಗೆ ನಿಲ್ಲಿಸಿ ಅನುಭವಿಗಳ ಕೈಗೆ ಕೊಡಿ. ಸಿಹಿಮಿಶ್ರಿತ ದ್ರಾವಕದ ವಾಸನೆ ಬಂದರೆ ಸೋರಿಕೆ ಶುರುವಾಗಿದೆ ಎಂದರ್ಥ. ಕೂಡಲೇ ಗಾಳಿಯಾಡುವ ಬಯಲಿಗೆ ಒಯ್ದು ಮರಳು ತುಂಬಿದ ಲೋಹದ ಡಬ್ಬಿಯಲ್ಲಿಡಿ. ತೆಗೆದ ಬ್ಯಾಟರಿ ಮನೆಯ ಕಸಕ್ಕೆ ಹೋಗಬಾರದು. ಅದರ ತುದಿಗಳಿಗೆ ಟೇಪ್ ಸುತ್ತಿ ಇ-ತ್ಯಾಜ್ಯ ಸಂಗ್ರಹಕ್ಕೆ ಕೊಡಿ.

ಪ್ರಶ್ನೆ: ರಿಬ್ಬನ್ ಕೇಬಲ್ ತೆಗೆಯುವಾಗ ಕನೆಕ್ಟರಿನ ಕಪ್ಪು ಪಟ್ಟಿಯೇ ಕಿತ್ತು ಬಂತು. ಫೋನಿನ ಪರದೆಯಲ್ಲೂ ಈಗ ಗೆರೆಗಳು ಬರುತ್ತಿವೆ.

ಎರಡು ಬೇರೆ ಬೇರೆ ಜಾತಿಯ ಕನೆಕ್ಟರ್‌ಗಳು. ಚಪ್ಪಟೆ ರಿಬ್ಬನ್ ತೂರಿಸುವ ಜಿಫ್ ಕನೆಕ್ಟರಿನಲ್ಲಿ ಉಗುರಿನಿಂದ ಎಬ್ಬಿಸಬಹುದಾದ ಪುಟ್ಟ ಬೀಗ ಇರುತ್ತದೆ. ಅದನ್ನು ತೊಂಬತ್ತು ಡಿಗ್ರಿ ಮೇಲೆತ್ತಿ, ಆಮೇಲೆ ಕೇಬಲ್ಲನ್ನು ಅದರದ್ದೇ ಸಮತಲದಲ್ಲಿ ಹಿಂದಕ್ಕೆ ಎಳೆಯಬೇಕು. ಬೀಗ ಎತ್ತದೆ ಎಳೆದರೆ, ಅಥವಾ ಕನೆಕ್ಟರನ್ನೇ ಮೀಟಿದರೆ ಪಟ್ಟಿ ಕಿತ್ತು ಬರುತ್ತದೆ. ಪಟ್ಟಿ ಮುರಿಯದೆ ಬರೀ ಕಳಚಿದ್ದರೆ ಚಿಮುಟದಿಂದ ಎರಡೂ ತುದಿಯ ಗೂಡಿಗೆ ಮತ್ತೆ ಕೂರಿಸಬಹುದು. ಮುರಿದಿದ್ದರೆ ಕೇಬಲ್ ತೂರಿಸಿ, ಅದರ ಮೇಲೆ ತೆಳು ಪ್ಲಾಸ್ಟಿಕ್ ಚೂರು ಸಿಕ್ಕಿಸಿ, ಶಾಖ ತಡೆಯುವ ಕ್ಯಾಪ್ಟಾನ್ ಟೇಪಿನಿಂದ ಹಿಡಿಸಬಹುದು. ಅದು ತಾತ್ಕಾಲಿಕ. ಕೇಬಲ್ ಮೇಲಿನ ಬಿಳಿ ಗೆರೆ ಕನೆಕ್ಟರಿನ ಬಾಯಿಗೆ ಸಮನಾಗಿ ನಿಂತರೆ ಪೂರ್ತಿ ಒಳಹೋಗಿದೆ ಎಂದರ್ಥ.

ಫೋನಿನ ಪರದೆಯದು ಒತ್ತಿ ಕೂರಿಸುವ ಕನೆಕ್ಟರ್. ಅಂಚಿನಿಂದ ಸ್ಪಡ್ಜರ್ ಹಾಕಿ ನೇರ ಮೇಲಕ್ಕೆ ಎತ್ತಬೇಕು. ಕೂರಿಸುವಾಗ ಮೊದಲು ಒಂದು ತುದಿ ಹೊಂದಿಸಿ ಒತ್ತಿ, ಆಮೇಲೆ ಇನ್ನೊಂದು. ಹೊಂದಿಕೆಯಾಗದೆ ನಡುವೆ ಒತ್ತಿದರೆ ಪಿನ್‌ಗಳು ಬಾಗುತ್ತವೆ. ಗೆರೆ, ಕಪ್ಪು ಪರದೆ, ಸ್ಪರ್ಶ ಇಲ್ಲದಿರುವುದು, ಈ ಮೂರರಲ್ಲಿ ಯಾವುದಿದ್ದರೂ ಬ್ಯಾಟರಿ ಕಳಚಿ ಆ ಕನೆಕ್ಟರನ್ನು ಇನ್ನೊಮ್ಮೆ ಕೂರಿಸುವುದೇ ಮೊದಲ ಮದ್ದು. ಹೊಸ ಪರದೆ ಕೆಟ್ಟಿದೆ ಎಂದು ವಾಪಸು ಕಳಿಸುವ ಮುಂಚೆ ಇಷ್ಟು ಮಾಡಿ.

ಪ್ರಶ್ನೆ: ಮೈಯ ಸ್ಥಿರವಿದ್ಯುತ್ತನ್ನು ನೆಲಕ್ಕೆ ಇಳಿಸುವ ಆ್ಯಂಟಿಸ್ಟ್ಯಾಟಿಕ್ ಕೈಪಟ್ಟಿ ನಿಜಕ್ಕೂ ಬೇಕೆ?

ಒಣ ಹವೆಯಲ್ಲಿ, ಕಾರ್ಪೆಟ್ ಅಥವಾ ನೈಲಾನ್ ಬಟ್ಟೆಯ ನಡುವೆ ಕೂತಿದ್ದರೆ ಬೇಕು. ಸುಮಾರು 3,000 ವೋಲ್ಟಿಗಿಂತ ಕಡಿಮೆಯ ಸ್ಥಿರವಿದ್ಯುತ್ ಚಿಟಿಕೆ ನಮ್ಮ ಬೆರಳಿಗೆ ತಿಳಿಯುವುದೇ ಇಲ್ಲ, ಆದರೆ ಸೂಕ್ಷ್ಮ ಚಿಪ್‌ಗಳಿಗೆ ಅದರ ಸಣ್ಣ ಪಾಲೇ ಸಾಕು. ಕೈಪಟ್ಟಿಯ ತಂತಿಯಲ್ಲಿ 1 ಮೆಗಾಓಮ್ ರೆಸಿಸ್ಟರ್ ಇದೆಯೇ ಎಂದು ಮಲ್ಟಿಮೀಟರ್‌ನಲ್ಲಿ ಅಳೆದು ನೋಡಿ. ಗೋಡೆಯ ಕರೆಂಟಿಗೆ ಜೋಡಿಸಿದ ಯಾವುದನ್ನೇ ತೆರೆದು ಕೂತಿರುವಾಗ ಪಟ್ಟಿ ಹಾಕಲೇಬಾರದು.

ಪ್ರಶ್ನೆ: ಫೋನ್ ಚಾರ್ಜ್ ಆಗುತ್ತಿಲ್ಲ. ಪೋರ್ಟ್ ಬದಲಿಸಲೇ?

ಮೊದಲು ಅದರೊಳಗೆ ಟಾರ್ಚ್ ಬಿಡಿ. ಕಿಸೆಯ ನೂಲಿನ ಪುಡಿ ತಳದಲ್ಲಿ ಒತ್ತೊತ್ತಿ ಗಟ್ಟಿಯಾಗಿ, ಪ್ಲಗ್ ಕೊನೆಯವರೆಗೆ ಹೋಗದಂತೆ ತಡೆದಿರುತ್ತದೆ. ಪ್ಲಗ್ ಹಾಕಿದಾಗ ಟಕ್ ಎನ್ನದಿದ್ದರೆ ಬಹುತೇಕ ಇದೇ ಕಾರಣ. ಫೋನ್ ಆಫ್ ಮಾಡಿ, ಮರದ ಹಲ್ಲುಕಡ್ಡಿಯ ತುದಿ ಚಪ್ಪಟೆ ಮಾಡಿ ಗೋಡೆಗುಂಟ ಕೆದಕಿ. ಯುಎಸ್‌ಬಿ-ಸಿ ಪೋರ್ಟ್ ನಡುವಿನ ನಾಲಿಗೆಗೆ ತಾಗದಿರಲಿ, 24 ಸಂಪರ್ಕಗಳೂ ಅದರ ಮೇಲಿವೆ. ಗುಂಡುಸೂಜಿ ಬೇಡ.

ಪ್ರಶ್ನೆ: ನೀರಿಗೆ ಬಿದ್ದ ಫೋನನ್ನು ಅಕ್ಕಿಯಲ್ಲಿ ಇಟ್ಟಿದ್ದೇನೆ. ಎಷ್ಟು ದಿನ?

ಹೊರತೆಗೆಯಿರಿ. ಅಕ್ಕಿ ಒಳಗಿನ ನೀರನ್ನು ಎಳೆಯುವುದಿಲ್ಲ, ಅದರ ಪುಡಿ ಪೋರ್ಟಿಗೆ ಹೋಗುತ್ತದೆ ಅಷ್ಟೆ. ಫೋನ್ ಕೆಡುವುದು ನೀರಿನಿಂದಲ್ಲ, ವಿದ್ಯುತ್ ಹರಿಯುತ್ತಿರುವಾಗ ನೀರಿನ ಲವಣಗಳು ಲೋಹವನ್ನು ತಿನ್ನುವುದರಿಂದ. ಆದ್ದರಿಂದ ಆನ್ ಮಾಡಿ ನೋಡುವ ಚಪಲ ಬೇಡ. ತೆರೆದು ಬ್ಯಾಟರಿ ಕಳಚಿ, ಲೋಹದ ಮುಚ್ಚಳಗಳ ಸುತ್ತ ಮತ್ತು ಕನೆಕ್ಟರ್‌ಗಳನ್ನು ಶೇ 99ರ ಐಸೊಪ್ರೊಪೈಲ್ ಮತ್ತು ಮೆದು ಬ್ರಷ್‌ನಿಂದ ತೊಳೆದು, ಪೂರ್ತಿ ಆರಿದ ಮೇಲೆ ಜೋಡಿಸಿ. ಒಮ್ಮೆ ತೆರೆದ ಫೋನಿನ ಜಲನಿರೋಧಕ ಅಂಟು ಹೋಗಿರುತ್ತದೆ. ಹೊಸ ಅಂಟುಪಟ್ಟಿ ಹಾಕಿದರೂ ಅದನ್ನು ಮತ್ತೆ ನೀರಿನ ಹತ್ತಿರ ಒಯ್ಯಬೇಡಿ.

ಪ್ರಶ್ನೆ: ಚಾರ್ಜರ್ ಅಡಾಪ್ಟರ್ ಸತ್ತಿದೆ. ಬಿಚ್ಚಿ ನೋಡಲೇ?

ಬೇಡ. 230 ವೋಲ್ಟ್ ಎಸಿ ಅಡಾಪ್ಟರ್ ಒಳಗೆ ಸುಮಾರು 325 ವೋಲ್ಟ್ ಡಿಸಿಯಾಗಿ ಕೆಪಾಸಿಟರ್‌ನಲ್ಲಿ ಕೂರುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿಯಬಹುದು. ಕ್ಯಾಮೆರಾದ ಫ್ಲ್ಯಾಶ್ ಕೆಪಾಸಿಟರಿನಲ್ಲೂ ಸುಮಾರು 300 ವೋಲ್ಟ್ ಇರುತ್ತದೆ, ಅದನ್ನೂ ಮುಟ್ಟಬೇಡಿ. ಅಡಾಪ್ಟರ್‌ಗಿಂತ ಹೆಚ್ಚು ಸಲ ಸಾಯುವುದು ಕೇಬಲ್ಲು, ಅದೂ ಪ್ಲಗ್ಗಿನ ಬುಡದಲ್ಲಿ ಬಾಗುವ ಕಡೆ. ಬೇರೆ ಕೇಬಲ್ ಹಾಕಿ ನೋಡಿ. ಕೇಬಲ್ ಅಡಾಪ್ಟರಿಗೇ ಸೇರಿದ್ದಾದರೆ ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ತಿರುಗಿಸಿ ಪ್ಲಗ್ ತುದಿಯಲ್ಲಿ ಅಳೆಯಿರಿ, ಅಳೆಯುತ್ತಲೇ ಬುಡವನ್ನು ಅತ್ತಿತ್ತ ಬಾಗಿಸಿ. ಅಂಕಿ ಬಂದು ಹೋಗಿ ಮಾಡಿದರೆ ಕೇಬಲ್ ಮುರಿದಿದೆ. ಯುಎಸ್‌ಬಿ-ಸಿ ತುದಿಯ ಅಡಾಪ್ಟರ್‌ಗಳಿಗೆ ಈ ಪರೀಕ್ಷೆ ನಡೆಯದು, ಸಾಧನ ಜೋಡಿಸುವವರೆಗೆ ಅವು ವೋಲ್ಟೇಜನ್ನೇ ಬಿಡುವುದಿಲ್ಲ.