ಬೀದರಿನ ನಾನಕ್ ಝೀರಾ ಗುರುದ್ವಾರಕ್ಕೆ ಸಿಖ್ಖರಲ್ಲದವರು ಹೋಗಬಹುದಾ? ಆ ಜಾಗಕ್ಕೆ ಅಷ್ಟೊಂದು ಮಹತ್ವ ಯಾಕೆ?

ಧಾರಾಳವಾಗಿ ಹೋಗಿ. ಬಾಗಿಲಲ್ಲಿ ಯಾರೂ ನಿಮ್ಮ ಜಾತಿ, ಧರ್ಮ ಕೇಳುವುದಿಲ್ಲ. ಚಪ್ಪಲಿ ಬಿಟ್ಟು ಕೈಕಾಲು ತೊಳೆದುಕೊಂಡು, ತಲೆಗೆ ಬಟ್ಟೆ ಕಟ್ಟಿಕೊಂಡು ಒಳಗೆ ಹೋಗಬೇಕು. ಬೀಡಿ, ಸಿಗರೇಟು, ತಂಬಾಕು ಜೇಬಿನಲ್ಲೂ ಇರಬಾರದು. ಇಷ್ಟೇ.

ಮಹತ್ವದ ಬಗ್ಗೆ ಕೇಳಿದ್ದೀರಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾನು ಅಲ್ಲಿಗೆ ಎರಡು ಸಲ ಹೋಗಿದ್ದೇನೆ. ಮೊದಲ ಸಲ ಕೋಟೆ ನೋಡಿ, ಬಿದರಿ ಅಂಗಡಿ ಸುತ್ತಿ, ಕೊನೆಗೆ ಅರ್ಧ ಗಂಟೆ ಇಲ್ಲಿದ್ದು ಬಾಟಲಿಗೆ ನೀರು ತುಂಬಿಕೊಂಡು ಬಂದಿದ್ದೆ. ಎರಡನೇ ಸಲ ಒಂದು ರಾತ್ರಿ ಅಲ್ಲೇ ಉಳಿದೆ. ಅದು ಎಂಥ ಜಾಗ ಅಂತ ಗೊತ್ತಾಗಿದ್ದು ಆಗಲೇ.

ಎಲ್ಲರೂ ಮೊದಲು ಹೇಳುವುದು ನೀರಿನ ಕಥೆ. ಗುರು ನಾನಕರು ದಕ್ಷಿಣದ ಕಡೆ ಯಾತ್ರೆ ಬಂದಾಗ, ಅಂದರೆ 1510-14ರ ಸುಮಾರಿಗೆ, ಬೀದರಿನ ಹೊರಗೆ ತಂಗಿದ್ದರಂತೆ. ಜೊತೆಗಿದ್ದವನು ರಬಾಬ್ ನುಡಿಸುವ ಮರ್ದಾನಾ, ಮುಸ್ಲಿಂ. ಹತ್ತಿರದಲ್ಲೇ ಸೂಫಿ ಫಕೀರರೂ ಇದ್ದರು. ಊರಿನವರು ಬಂದು ಕಷ್ಟ ಹೇಳಿಕೊಂಡರು. ಬಾವಿ ತೋಡಿದರೆ ನೀರಿಲ್ಲ, ಸಿಕ್ಕರೂ ಸವಳು. ಗುರುಗಳು ದೇವರ ಹೆಸರು ಹೇಳಿ ಪಾದುಕೆಯ ತುದಿಯಿಂದ ಒಂದು ಕಲ್ಲು ಸರಿಸಿದರು, ಸಿಹಿನೀರು ಉಕ್ಕಿ ಬಂತು. ಝೀರಾ ಅಂದರೆ ಒರತೆ. ಆ ನೀರು ಇವತ್ತಿಗೂ ಹರಿಯುತ್ತಿದೆ. ಗುರುದ್ವಾರದ ಮುಂದಿನ ಅಮೃತಕುಂಡಕ್ಕೆ ಹೋಗುವುದೂ ಅದೇ ನೀರು.

ಬೀದರ್ ನಿಂತಿರುವುದೇ ಜಂಬಿಟ್ಟಿಗೆ ಕಲ್ಲಿನ ಮೇಲೆ. ಆ ಕಲ್ಲು ಮಳೆನೀರನ್ನು ಹೀರಿಕೊಂಡು ಸಂದಿಗಳಲ್ಲಿ ಒಳಗೆ ಇಳಿಸುತ್ತದೆ. ಬಹಮನಿ ಕಾಲದ ಕರೇಜ್, ಅಂದರೆ ಸುರಂಗ ಬಾವಿಗಳಿಗೂ ನೀರು ಸಿಗುವುದು ಹೀಗೇ. ಇದೆಲ್ಲ ಗೊತ್ತಿದ್ದೇ ನಾನು ಆ ನೀರನ್ನು ಬೊಗಸೆಯಲ್ಲಿ ಹಿಡಿದೆ. ತಣ್ಣಗಿತ್ತು, ಸಿಹಿಯಾಗಿತ್ತು. ನಂಬಿಕೆ ಇಟ್ಟುಕೊಂಡು ಬಂದವರ ಪಕ್ಕದಲ್ಲಿ ನಿಂತು ಕುಡಿದಾಗ ಕೈ ತಾನಾಗಿಯೇ ಹಣೆಗೆ ಹೋಯಿತು.

ಆದರೆ ನೀರಿನ ಕಥೆಗೇ ನಿಲ್ಲಬೇಡಿ. ರಾತ್ರಿ ಗುರುದ್ವಾರದ ಉಚಿತ ಊಟದ ಮನೆ ಲಂಗರ್‌ನಲ್ಲಿ ಊಟ ಆದಮೇಲೆ ಒಂದಷ್ಟು ಜನ ನೆಲದ ಮೇಲೆ ಕೂತು ಮರುದಿನಕ್ಕೆ ಬೆಳ್ಳುಳ್ಳಿ ಸುಲಿಯುತ್ತಿದ್ದರು. ನಾನೂ ಹೋಗಿ ಕೂತೆ. ಪಕ್ಕದಲ್ಲಿ ಪಂಜಾಬಿನಿಂದ ಬಂದಿದ್ದ ಒಬ್ಬ ಅಜ್ಜ. ಯಾವ ಊರು ಅಂದರು. ಕರ್ನಾಟಕದವನೇ ಅಂದೆ. ಅವರ ಕೈ ನಿಂತಿತು. "ಹಾಗಾದರೆ ಭಾಯಿ ಸಾಹಿಬ್ ಸಿಂಗ್ ನಿಮ್ಮವರು" ಅಂದರು. ನನಗೆ ಆ ಹೆಸರೇ ಗೊತ್ತಿರಲಿಲ್ಲ. ಅವರು ಸಿಪ್ಪೆ ಬದಿಗೆ ತಳ್ಳಿ, ನಿಧಾನಕ್ಕೆ, ಹಿಂದಿಯಲ್ಲಿ ಹೇಳಿದರು.

1699ರ ಬೈಸಾಖಿ, ಅಂದರೆ ಪಂಜಾಬಿನ ಸುಗ್ಗಿ ಹಬ್ಬ. ಆನಂದಪುರದಲ್ಲಿ ಸಾವಿರಾರು ಜನ ಸೇರಿದ್ದರು. ಸಿಖ್ಖರ ಹತ್ತನೇ ಗುರು ಗೋವಿಂದ ಸಿಂಗರು ಹಿರಿದ ಕತ್ತಿ ಹಿಡಿದು ಬಂದು, ನನಗೊಂದು ತಲೆ ಬೇಕು, ಯಾರು ಕೊಡುತ್ತೀರಿ ಅಂತ ಕೇಳಿದರು. ಒಬ್ಬರ ಹಿಂದೆ ಒಬ್ಬರಂತೆ ಐದು ಜನ ಎದ್ದರು. ಒಬ್ಬರು ಲಾಹೋರಿನವರು, ಒಬ್ಬರು ಹಸ್ತಿನಾಪುರ, ಒಬ್ಬರು ಪುರಿ, ಒಬ್ಬರು ದ್ವಾರಕೆ, ಇನ್ನೊಬ್ಬರು ಬೀದರ್. ಬೀದರಿನ ಸಾಹಿಬ್ ಚಂದ್ ಕ್ಷೌರಿಕರ ಮನೆಯವರು. ಗುರುಗಳು ಈ ಐವರಿಗೆ ಅಮೃತ, ಅಂದರೆ ಸಕ್ಕರೆ ಬೆರೆಸಿದ ದೀಕ್ಷೆಯ ನೀರು ಕೊಟ್ಟು, ಆಮೇಲೆ ಅವರ ಮುಂದೆ ತಾವೇ ಕೈಚಾಚಿ ಅಮೃತ ಬೇಡಿದರು. ದೀಕ್ಷೆ ಪಡೆದ ಸಿಖ್ಖರ ಪಂಥ ಖಾಲ್ಸಾ ಹುಟ್ಟಿದ್ದು ಹಾಗೆ. ಐವರೂ ಪಂಜ್ ಪ್ಯಾರೆ, ಅಂದರೆ ಗುರುವಿನ ಐವರು ಪ್ರಿಯರು ಆದರು, ಸಾಹಿಬ್ ಚಂದ್ ಸಾಹಿಬ್ ಸಿಂಗ್ ಆದರು. ಮುಂದೆ ಮೊಘಲ್ ಸೈನ್ಯದ ಜೊತೆ ನಡೆದ ಚಮಕೌರ್ ಕಾಳಗದಲ್ಲಿ ಪ್ರಾಣ ಬಿಟ್ಟರು.

ಗುರು ಶಿಷ್ಯರ ಕಾಲಬುಡದಲ್ಲಿ ಕೈಚಾಚಿದ ಆ ಗಳಿಗೆಯಲ್ಲಿ ನಮ್ಮ ಬೀದರಿನ ಕ್ಷೌರಿಕನೊಬ್ಬ ನಿಂತಿದ್ದ! ನನಗೆ ಹಡಪದ ಅಪ್ಪಣ್ಣ ನೆನಪಾದರು. ಅವರನ್ನು ತಮ್ಮವರೆಂದು ಪೂಜಿಸುವುದು ಕ್ಷೌರಿಕ ಸಮುದಾಯ. ಅವರು ಬಸವಣ್ಣನವರ ಜೊತೆಗಿದ್ದ ಕಲ್ಯಾಣ ಇರುವುದೂ ಇದೇ ಜಿಲ್ಲೆಯಲ್ಲಿ. ಒಂದರಿಂದ ಇನ್ನೊಂದು ಬಂತು ಅಂತ ನಾನು ಹೇಳುತ್ತಿಲ್ಲ. ಆದರೆ ಸಿಖ್ಖರು ಕಿರತ್ ಕರೋ, ವಂಡ್ ಛಕೋ ಅನ್ನುತ್ತಾರೆ. ದುಡಿದು ತಿನ್ನು, ಹಂಚಿ ತಿನ್ನು ಅಂತ ಅರ್ಥ. ಕಾಯಕ, ದಾಸೋಹ ಕೇಳಿ ಬೆಳೆದ ಕಿವಿಗೆ ಅದು ಹೊಸದು ಅನಿಸುವುದಿಲ್ಲ ಅಲ್ವಾ?

ಬೆಳಗ್ಗೆ ಅದೇ ಅಜ್ಜ ನನ್ನನ್ನು ಅರ್ದಾಸ್‌ಗೆ ಕರೆದುಕೊಂಡು ಹೋದರು. ಎಲ್ಲರೂ ಎದ್ದು ನಿಂತು ಕೈಮುಗಿದು ಹೇಳುವ ಪ್ರಾರ್ಥನೆ ಅದು. ಪಂಜಾಬಿ ನನಗೆ ಬರುವುದಿಲ್ಲ. "ಪಂಜಾ ಪ್ಯಾರಿಯಾ" ಅಂತ ಬಂದಾಗ ಅವರು ಮೊಣಕೈಯಿಂದ ಮೆಲ್ಲಗೆ ತಟ್ಟಿದರು. ಲೋಕದ ಯಾವ ಮೂಲೆಯ ಗುರುದ್ವಾರದಲ್ಲಿ ಅರ್ದಾಸ್ ನಡೆದರೂ ಈ ಐವರ ನೆನಕೆ ಇರುತ್ತದೆ. ಅಲ್ಲೆಲ್ಲ ಬೀದರಿನ ಮಗ ಇದ್ದಾನೆ. ಕಣ್ಣು ತುಂಬಿ ಬಂತು. ಆಮೇಲೆ ಅಂಗೈಗೆ ಕಡಾ ಪ್ರಸಾದ ಬಿತ್ತು. ಗೋಧಿ ಹಿಟ್ಟು, ತುಪ್ಪ, ಸಕ್ಕರೆ ಸಮಸಮ ಹಾಕಿ ಮಾಡುವ ಬಿಸಿ ಹಲ್ವ. ತುಪ್ಪ ಬೆರಳ ಸಂದಿಯಿಂದ ಮೊಣಕೈವರೆಗೆ ಇಳಿಯಿತು.

ಇನ್ನು ಕೆಲವು ಮಾತು. ಈಗಿನ ಗುರುದ್ವಾರ ಕಟ್ಟಿದ್ದು 1948ರಲ್ಲಿ, ಹಾಗಾಗಿ ಹಳೇ ಕಟ್ಟಡ ನೋಡುವ ಆಸೆಯಿಂದ ಹೋಗಬೇಡಿ. ಲಂಗರ್‌ನಲ್ಲಿ ಎಲ್ಲರೂ ನೆಲದ ಮೇಲೆ ಒಂದೇ ಸಾಲು. ರೋಟಿ ಬಡಿಸಲು ಬಂದಾಗ ಎರಡೂ ಕೈ ಚಾಚಿ ತೆಗೆದುಕೊಳ್ಳಿ. ಬೇಕಾದಷ್ಟೇ ಹಾಕಿಸಿಕೊಳ್ಳಿ, ತಟ್ಟೆಯಲ್ಲಿ ಬಿಡಬೇಡಿ. ಕಾರ್ತಿಕ ಹುಣ್ಣಿಮೆಗೆ ನಾನಕ್ ಜಯಂತಿ, ಆಗ ಜನ ಜಾಸ್ತಿ.

ಅರ್ಧ ದಿನ ಬಿಡುವಿದ್ದರೆ ಹತ್ತಿರದ ಜನವಾಡಕ್ಕೂ ಹೋಗಿ ಬನ್ನಿ. 1705ರಲ್ಲಿ ಮುಕ್ತಸರದ ಕಾಳಗಕ್ಕೆ ನಲವತ್ತು ಜನರನ್ನು ಕರೆದುಕೊಂಡು ಹೋದ ಮಾಯಿ ಭಾಗೋ, ಗುರು ಗೋವಿಂದ ಸಿಂಗರು ನಾಂದೇಡದಲ್ಲಿ ತೀರಿಕೊಂಡ ಮೇಲೆ ಬಂದು ನೆಲೆಸಿದ್ದು ಆ ಹಳ್ಳಿಯಲ್ಲಿ. ಅಲ್ಲೂ ಒಂದು ಗುರುದ್ವಾರ ಇದೆ. ಅರ್ದಾಸ್‌ನಲ್ಲಿ ಐವರಾದ ಮೇಲೆ ಆ ನಲವತ್ತು ಜನರ ನೆನಕೆಯೂ ಬರುತ್ತದೆ, ಗಮನ ಇಟ್ಟು ಕೇಳಿ.